ಮಳೆಗಾಲದಲ್ಲಿ ಡೇರೆ ಗೆಡ್ಡೆ ಕೊಳೆಯದಂತೆ ಬೆಳೆಸೋದು ಹೇಗೆ

ಶಿರಸಿ ಕಡೆ ಶ್ರಾವಣದಲ್ಲಿ ಯಾರ ಮನೆಗೆ ಹೋದರೂ ಮೊದಲು ಕಣ್ಣು ಹೋಗೋದು ಅಂಗಳದ ಡೇರೆ (ಡೇಲಿಯಾ) ಹೂವಿನ ಸಾಲಿಗೆ. ಚಹಾ ಕುಡಿಯೋದು ಆಮೇಲೆ. ನನಗೂ ಆ ಹುಚ್ಚು ಹಿಡಿದು ನಾಲ್ಕು ವರ್ಷ ಆಯ್ತು. ಬೆಳಿಗ್ಗೆ ಪೇಟೆಗೆ ಕೆಲಸಕ್ಕೆ ಹೋಗಿ, ಸಂಜೆ ಬಸ್ಸಿಳಿದು ಮನೆ ಸೇರುವಾಗ ಅರ್ಧ ಗಂಟೆ ಬೆಳಕು ಉಳಿದಿರುತ್ತೆ, ಆ ಅರ್ಧ ಗಂಟೆ ಪೂರ್ತಿ ಡೇರೆಗೇ.

ಮೊದಲ ವರ್ಷ ಮಣ್ಣು ತುಂಬಿದ ಚೀಲಗಳಲ್ಲಿ ಹದಿನಾಲ್ಕು ಗೆಡ್ಡೆ ನೆಟ್ಟಿದ್ದೆ. ಮೇಲೆ ಬಂದಿದ್ದು ಐದು, ಹೂ ಬಿಟ್ಟಿದ್ದು ಎರಡು. ಉಳಿದ ಚೀಲಗಳನ್ನು ಕೆದಕಿದರೆ ಗೆಡ್ಡೆ ಬೇಯಿಸಿದ ಗೆಣಸಿನ ಹಾಗೆ ಮೆತ್ತಗಾಗಿ ವಾಸನೆ ಬರ್ತಿತ್ತು. ಅವತ್ತು ಅಳುವೇ ಬಂದಿತ್ತು. ಗೊಬ್ಬರ ಕಡಿಮೆ ಆಯ್ತೇನೋ ಅಂದುಕೊಂಡಿದ್ದೆ, ಅಲ್ಲ. ನೀರು ನಿಂತಿತ್ತು, ಅಷ್ಟೇ. ಡೇರೆ ಮೆಕ್ಸಿಕೋದ ಗುಡ್ಡಗಾಡಿನ ಗಿಡ, 1963ರಿಂದ ಅದು ಆ ದೇಶದ ರಾಷ್ಟ್ರೀಯ ಹೂವು. ತಂಪು ಬೇಕು, ತೇವ ಬೇಕು, ಆದರೆ ಇಳಿಜಾರಿನಲ್ಲಿ ನೀರು ಹರಿದು ಹೋಗೋ ಜಾಗ ಅದರದ್ದು. ನಮ್ಮ ಮಲೆನಾಡಿನ ತಂಪು ಅದಕ್ಕೆ ಹಿಡಿಸುತ್ತೆ, ಚೀಲದಲ್ಲಿ ನಿಂತ ಆಷಾಢದ ನೀರು ಹಿಡಿಸಲ್ಲ. ಹಾಗಾಗಿ ಕೆಳಗೆ ಹೇಳೋದರಲ್ಲಿ ಹೆಚ್ಚಿನದೆಲ್ಲ ನೀರು ಹೊರಗೆ ಹೋಗೋ ದಾರಿಯ ವಿಷಯವೇ.

ಮೊದಲು ಗೆಡ್ಡೆ. ಯಾರಾದರೂ ಪ್ರೀತಿಯಿಂದ ಕೊಟ್ಟರೆ ಗಾತ್ರ ನೋಡಬೇಡಿ, ಕುತ್ತಿಗೆ ನೋಡಿ. ಡೇರೆ ಗೆಡ್ಡೆ ಆಲೂಗಡ್ಡೆ ತರ ಅಲ್ಲ, ಮೈಯೆಲ್ಲ ಕಣ್ಣಿರೋದಿಲ್ಲ. ಹಳೆ ಕಾಂಡಕ್ಕೆ ಗೆಡ್ಡೆ ಅಂಟಿಕೊಂಡಿರುತ್ತಲ್ಲ, ಅಲ್ಲೇ ಸಾಸಿವೆ ಕಾಳಿನಷ್ಟು ಉಬ್ಬಿದ ಮೊಳಕೆ ಕಣ್ಣು ಇರುತ್ತೆ. ಎಷ್ಟೇ ದಪ್ಪ ಗೆಡ್ಡೆಯಾದರೂ ಆ ತುದಿ ಮುರಿದಿದ್ದರೆ ಅದು ಮೊಳೆಯೋದೇ ಇಲ್ಲ, ತಿಂಗಳುಗಟ್ಟಲೆ ಮಣ್ಣಲ್ಲಿ ಹಾಗೇ ಬಿದ್ದಿರುತ್ತೆ, ನೀವು ದಿನಾ ಹೋಗಿ ನೋಡ್ತಾ ಇರ್ತೀರಿ. ಏಪ್ರಿಲ್ ಕೊನೆಗೆ ಗೊಂಚಲಿನ ಮೇಲೆ ಸ್ವಲ್ಪ ನೀರು ಚಿಮುಕಿಸಿ ನೆರಳಲ್ಲಿಡಿ, ವಾರ ಹತ್ತು ದಿನದಲ್ಲಿ ಕಣ್ಣು ಕಾಣಿಸುತ್ತೆ. ಆಮೇಲೆ ಒಂದೊಂದು ತುಂಡಿಗೂ ಕುತ್ತಿಗೆ ಮತ್ತು ಕಣ್ಣು ಬರೋ ಹಾಗೆ ಹರಿತವಾದ ಚಾಕುವಿನಿಂದ ಕೊಯ್ಯಿರಿ. ಕೊಯ್ದ ಜಾಗಕ್ಕೆ ಒಲೆಬೂದಿ ಹಚ್ಚಿ ಎರಡು ದಿನ ಒಣಗಲು ಬಿಡಿ. ಹಸಿ ಗಾಯ ಮಣ್ಣಿಗಿಳಿದರೆ ಕೊಳೆ ಅಲ್ಲಿಂದಲೇ ಶುರು.

ಆನ್‌ಲೈನಲ್ಲಿ ನೀಲಿ ಡೇರೆ ಅಂತ ಚಿತ್ರ ಹಾಕಿ ಮಾರ್ತಾರೆ. ದಯವಿಟ್ಟು ತಗೋಬೇಡಿ. ನಿಜವಾದ ನೀಲಿ ಬಣ್ಣದ ಡೇರೆ ಜಗತ್ತಿನಲ್ಲೇ ಇಲ್ಲ. ನಾನು ಮೊದಲ ಸಂಬಳದ ದುಡ್ಡಲ್ಲಿ ತರಿಸಿದ್ದೆ, ಮೂರು ತಿಂಗಳು ಕಾದ ಮೇಲೆ ಎಲ್ಲರ ಮನೆಯಲ್ಲೂ ಇರೋ ಗುಲಾಬಿ ಬಣ್ಣದ್ದೇ ಅರಳಿತು. ಬೀಜದ ಪ್ಯಾಕೆಟ್ಟೂ ಹಾಗೇ. ಬೀಜದಿಂದ ಬಂದ ಗಿಡ ತಾಯಿ ಗಿಡದ ಬಣ್ಣವನ್ನೇ ಕೊಡುತ್ತೆ ಅನ್ನೋ ಹಾಗಿಲ್ಲ. ಅದೇ ಹೂ ಬೇಕಂದರೆ ಗೆಡ್ಡೆಯೇ ಬೇಕು, ಇಲ್ಲವಾದರೆ ಎಳೆ ಕುಡಿ ಕತ್ತರಿಸಿ ಬೇರು ಬರಿಸಬೇಕು.

ಚೀಲಕ್ಕೆ ಬನ್ನಿ. ಸಿಮೆಂಟ್ ಚೀಲ ಅರ್ಧಕ್ಕೆ ಕತ್ತರಿಸಿ, ಚೆನ್ನಾಗಿ ತೊಳೆದರೆ ಸಾಕು. ಎಲ್ಲರೂ ತಳದಲ್ಲಿ ತೂತು ಮಾಡ್ತಾರೆ. ಆದರೆ ಅಂಗಳದ ಕೆಸರಿಗೆ ತಳ ಕಚ್ಚಿಕೊಂಡ ಮೇಲೆ ಆ ತೂತು ಇದ್ದೂ ಇಲ್ಲದ ಹಾಗೆ. ತಳದಿಂದ ಒಂದಿಂಚು ಮೇಲೆ, ಪಕ್ಕಕ್ಕೆ, ಸುತ್ತಲೂ ಏಳೆಂಟು ತೂತು ಮಾಡಿ. ಒಳಗೆ ಎರಡಿಂಚು ಒಡೆದ ಹಂಚಿನ ಚೂರು ಹಾಕಿ. ಚೀಲವನ್ನು ನೆಲದ ಮೇಲೆ ಇಡಬೇಡಿ, ಎರಡು ಚಿರೆಕಲ್ಲಿನ ತುಂಡಿನ ಮೇಲೆ ಇಡಿ, ನಡುವೆ ಗಾಳಿ ಆಡಲಿ. ನನ್ನ ಹದಿನಾಲ್ಕರಲ್ಲಿ ಒಂಬತ್ತು ಸತ್ತಿದ್ದು ಇದೊಂದು ಮಾಡದೆ ಇದ್ದಿದ್ದಕ್ಕೆ.

ಮಣ್ಣಿಗೆ ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಪೂರ್ತಿ ಕಳಿತ ಕೊಟ್ಟಿಗೆ ಗೊಬ್ಬರ, ಒಂದು ಪಾಲು ಮರಳು ಅಥವಾ ಉಮಿ. ಹಸಿ ಸಗಣಿ ಬೇಡ. ಯೂರಿಯಾ ಅಂತೂ ಬೇಡವೇ ಬೇಡ, ಗಿಡ ಆಳೆತ್ತರ ಸೊಂಪಾಗಿ ಬೆಳೆದು ಬರೀ ಎಲೆ ಬಿಡುತ್ತೆ. ಮೊಗ್ಗು ಕಾಣುವಾಗ ಒಂದು ಹಿಡಿ ಬೂದಿ ಹಾಕಿ.

ಮೇ ಕೊನೆಗೆ, ರೋಹಿಣಿ ಮಳೆಯ ಹೊತ್ತಿಗೆ ನೆಟ್ಟರೆ ಎಂಟು ಹತ್ತು ವಾರಕ್ಕೆ, ಶ್ರಾವಣಕ್ಕೆ ಸರಿಯಾಗಿ ಹೂ ಸಿಗುತ್ತೆ. ನೆಡುವ ಮೊದಲೇ ಗಿಡದ ಆಸರೆಗೆ ಅಡಿಕೆ ದಬ್ಬೆ (ಅಡಿಕೆ ಮರದ ಸೀಳು) ಊರಿಬಿಡಿ. ಆಮೇಲೆ ಚುಚ್ಚಿದರೆ ಗೆಡ್ಡೆಗೇ ತಾಗುತ್ತೆ, ಅದು ನಿಮಗೆ ಗೊತ್ತೂ ಆಗಲ್ಲ. ಗೆಡ್ಡೆಯನ್ನು ಮಲಗಿಸಿ, ಕಣ್ಣು ಮೇಲಕ್ಕೆ, ದಬ್ಬೆಯ ಪಕ್ಕಕ್ಕೆ ಬರೋ ಹಾಗೆ ಇಟ್ಟು ಮೂರಿಂಚು ಮಣ್ಣು ಮುಚ್ಚಿ. ನೀರು ಹಾಕಬೇಡಿ. ಮೊದಲ ವರ್ಷ ನಾನು ದಿನಾ ಚೊಂಬು ಹಿಡಿದು ಹೋಗುವಾಗ ಅಮ್ಮಮ್ಮ ಜಗಲಿಯಿಂದಲೇ "ಸಾಕು ಕೂಸೆ, ಇನ್ನು ಹಾಕಡ" ಅಂತಿದ್ದಳು. ಕೇಳಬೇಕಿತ್ತು. ಮಣ್ಣಲ್ಲಿರೋ ಪಸೆಯೇ ಸಾಕು, ಮೊಳಕೆ ಮೇಲೆ ಬರೋವರೆಗೆ ಜೋರು ಮಳೆ ಬಂದರೆ ಚೀಲದ ಮೇಲೆ ಒಂದು ಅಡಿಕೆ ಹಾಳೆ ಕವುಚಿಡಿ.

ಜಾಗ ಪೂರ್ವಕ್ಕಿದ್ದರೆ ಒಳ್ಳೇದು, ಮಳೆ ಬಿಟ್ಟಾಗ ಸಿಗೋ ಬೆಳಗಿನ ಬಿಸಿಲು ಪೂರ್ತಿ ಗಿಡಕ್ಕೆ ಬೀಳುತ್ತೆ. ಮಾಡಿನ ನೀರು ಧಾರೆಯಾಗಿ ಇಳಿಯೋ ಜಾಗದಲ್ಲಿ ಮಾತ್ರ ಇಡಬೇಡಿ.

ಗಿಡ ಒಂದು ಅಡಿ ಆಗಿ ಮೂರು ನಾಲ್ಕು ಜೊತೆ ಎಲೆ ಬಂದಾಗ ತುದಿಕುಡಿ ಚಿವುಟಬೇಕು. ಮನಸ್ಸು ಬರಲ್ಲ, ಗೊತ್ತು. ಆದರೂ ಚಿವುಟಿ. ಪಕ್ಕದಿಂದ ನಾಲ್ಕೈದು ಟಿಸಿಲು ಬಂದು ಗಿಡ ತುಂಬಿಕೊಳ್ಳುತ್ತೆ. ಎಳೆಯದಿರುವಾಗಲೇ ಮಾಡೋದಕ್ಕೆ ಒಂದು ಕಾರಣ ಇದೆ. ಡೇರೆ ಕಾಂಡ ಬಲಿತ ಮೇಲೆ ಒಳಗೆ ಟೊಳ್ಳು. ತಡವಾಗಿ ಅಡ್ಡಡ್ಡ ಕತ್ತರಿಸಿದರೆ ಆ ಕೊಳವೆಯಲ್ಲಿ ಮಳೆನೀರು ತುಂಬಿ ಕೊಳೆ ಒಳಗೊಳಗೇ ಕೆಳಗಿಳಿಯುತ್ತೆ. ಬಲಿತ ಕಾಂಡ ಕತ್ತರಿಸಲೇಬೇಕಾದರೆ ಗಂಟಿನ ಹತ್ತಿರ, ಓರೆಯಾಗಿ ಕತ್ತರಿಸಿ.

ದಬ್ಬೆಗೆ ಕಟ್ಟಲು ಹಳೆ ಸೀರೆಯ ಅಂಚಿನ ಪಟ್ಟಿ ಚೆನ್ನ. ಗಿಡಕ್ಕೊಂದು ಸುತ್ತು, ದಬ್ಬೆಗೊಂದು ಸುತ್ತು, ಎಂಟರ ಅಂಕೆಯ ಹಾಗೆ ಬರಲಿ. ಬಿಗಿಯಬೇಡಿ. ಕಾರವಾರದ ಗೆಳತಿ ಟೆರೇಸ್ ಮೇಲೆ ಬೆಳೆಸ್ತಾಳೆ, ಅಲ್ಲಿ ಕಡಲ ಗಾಳಿಗೆ ದೊಡ್ಡ ಹೂವಿನ ಗಿಡ ತಡೆಯೋದೇ ಇಲ್ಲ. ಅವಳೀಗ ಗಿಡ್ಡ ಜಾತಿಯ, ಸಣ್ಣ ಹೂವಿನದನ್ನೇ ಇಟ್ಟುಕೊಂಡು ಖುಷಿಯಾಗಿದ್ದಾಳೆ.

ಬಸವನಹುಳು ನಿಜವಾದ ತಲೆನೋವು. ರಾತ್ರಿ ಬೆಳಗಾಗೋದರೊಳಗೆ ಎಳೆ ಮೊಳಕೆ ಬುಡಸಮೇತ ಮಾಯ. ಬೂದಿ ಚೆಲ್ಲಿ ಅಂತಾರೆ, ಒಂದು ಮಳೆಗೆ ಅದು ಕೆಲಸಕ್ಕೆ ಬರಲ್ಲ. ಉಪ್ಪು ಹಾಕಿದರೆ ಮಣ್ಣೂ ಹಾಳು, ಗಿಡವೂ ಹಾಳು. ನಾನು ಮಾಡೋದು ಇಷ್ಟೇ: ಸಂಜೆ ಚೀಲಗಳ ನಡುವೆ ಒದ್ದೆ ಅಡಿಕೆ ಹಾಳೆ ಬೋರಲು ಹಾಕಿ ಅದರ ಕೆಳಗೆ ಎರಡು ಸೌತೆಕಾಯಿ ಸಿಪ್ಪೆ ಇಡೋದು. ಬೆಳಿಗ್ಗೆ ಹಾಳೆ ಮಗುಚಿದರೆ ಎಲ್ಲ ಅಲ್ಲೇ ಅಂಟಿಕೊಂಡಿರ್ತಾವೆ. ದಿನಾ ತಪ್ಪದೆ ಹೀಗೆ ಹೆಕ್ಕಿ ತೆಗೆದರೆ ವಾರದಲ್ಲಿ ಕಾಟ ಕಮ್ಮಿಯಾಗುತ್ತೆ. ಬುಡಕ್ಕೆ ದರಕು (ಒಣ ಎಲೆ) ಹೊದಿಸೋದಾದರೆ ಕಾಂಡದಿಂದ ನಾಲ್ಕು ಬೆರಳು ದೂರ ಇರಲಿ, ಇಲ್ಲದಿದ್ದರೆ ಅವಕ್ಕೆ ನಾವೇ ಮನೆ ಕಟ್ಟಿಕೊಟ್ಟ ಹಾಗೆ.

ಟೊಂಗೆಯ ತುದಿಯಲ್ಲಿ ಸಾಮಾನ್ಯವಾಗಿ ಮೂರು ಮೊಗ್ಗು ಒಟ್ಟಿಗೆ ಬರುತ್ತೆ. ತಟ್ಟೆಯಷ್ಟು ದೊಡ್ಡ ಹೂ ಬೇಕಂದರೆ ಪಕ್ಕದ ಎರಡನ್ನು ಬಟಾಣಿ ಗಾತ್ರ ಇರುವಾಗ ತೆಗೆಯಿರಿ. ಚೌತಿಗೆ ಅಲಂಕಾರಕ್ಕೆ ಜಾಸ್ತಿ ಹೂ ಬೇಕಂದರೆ ಹಾಗೇ ಬಿಡಿ. ನಾನು ಎರಡು ಗಿಡಕ್ಕೆ ಮಾತ್ರ ತೆಗೀತೀನಿ.

ಹೂ ಕೊಯ್ಯೋದಕ್ಕೆ ನಮ್ಮಲ್ಲಿ ತುಂಬ ಜನ ಹಿಂಜರೀತಾರೆ, ಗಿಡದಲ್ಲೇ ಚಂದ ಅಂತ. ಮಳೆಗೆ ಎಸಳಿನ ನಡುವೆ ನೀರು ತುಂಬಿ ಹೂ ಎರಡೇ ದಿನಕ್ಕೆ ಕಂದುತ್ತೆ, ಭಾರಕ್ಕೆ ಟೊಂಗೆಯೂ ಮುರಿಯುತ್ತೆ. ಕೊಯ್ದಷ್ಟೂ ಹೊಸ ಮೊಗ್ಗು ಬರುತ್ತೆ, ಕೊಯ್ಯಿರಿ. ಬೆಳಿಗ್ಗೆ, ಮುಕ್ಕಾಲು ಪಾಲಿಗಿಂತ ಜಾಸ್ತಿ ಅರಳಿದ ಮೇಲೆ. ಮೊಗ್ಗು ಕೊಯ್ದು ನೀರಲ್ಲಿಟ್ಟರೆ ಡೇರೆ ಅರಳಲ್ಲ.

ಇನ್ನೊಂದು ಮುಖ್ಯ ವಿಷಯ, ಗುರುತು. ಡಿಸೆಂಬರಿನಲ್ಲಿ ಗಿಡ ಒಣಗಿದ ಮೇಲೆ ಎಲ್ಲ ಗೆಡ್ಡೆಯೂ ಒಂದೇ ಥರ. ಪೆನ್ನಲ್ಲಿ ಬರೆದ ಚೀಟಿ ಮಳೆಗೆ ಅಳಿಸಿಹೋಗಿ ಎರಡನೇ ವರ್ಷ ಚಿಕ್ಕಿಗೆ ಬಿಳಿ ಅಂತ ಕೊಟ್ಟಿದ್ದು ಕೆಂಪಾಯ್ತು. ಆಮೇಲೆ ಆಯಿಯ ಹಳೆ ಪ್ಲಾಸ್ಟಿಕ್ ಬಳೆ ಡಬ್ಬ ಕಣ್ಣಿಗೆ ಬಿತ್ತು. ಹೂ ಅರಳಿದ ದಿನವೇ ಆ ಬಣ್ಣದ ಬಳೆಯನ್ನು ನೈಲಾನ್ ದಾರದಲ್ಲಿ ಕಾಂಡದ ಬುಡಕ್ಕೆ ಕಟ್ತೀನಿ. ಕೊಳೆಯಲ್ಲ, ಅಳಿಸಲ್ಲ, ಗೆಡ್ಡೆ ಕಿತ್ತಾಗ ಜೊತೆಗೇ ಬರುತ್ತೆ.

ಎಲೆ ಹಳದಿಯಾದ ಮೇಲೆ ನೀರು ಹಾಕೋದು ನಿಲ್ಲಿಸಿ. ಕಾಂಡವನ್ನು ಒಂದು ಗೇಣು ಉಳಿಸಿ ಕತ್ತರಿಸಿ. ಗೊಂಚಲನ್ನು ಕಾಂಡ ಹಿಡಿದು ಎಳೆಯಬೇಡಿ, ಕುತ್ತಿಗೆ ಮುರಿಯುತ್ತೆ. ಚೀಲ ಹರಿದು ಮಣ್ಣು ಉದುರಿಸಿ. ನೆರಳಲ್ಲಿ ಎರಡು ದಿನ ಆರಿಸಿ, ಒಣ ಮರಳು ತುಂಬಿದ ಬುಟ್ಟಿಯಲ್ಲಿ ಇಲಿ ತಾಗದ ಕಡೆ ಇಡಿ. ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಕಟ್ಟಿದರೆ ಬೆವರಿ ಕೊಳೆಯುತ್ತೆ. ತಿಂಗಳಿಗೊಮ್ಮೆ ಕೈಯಾಡಿಸಿ, ಮೆತ್ತಗಾಗಿದ್ದನ್ನು ತೆಗೆದು ಬಿಸಾಡಿ, ಸುಕ್ಕುಗಟ್ಟಿದ್ದರೆ ಒಂದೆರಡು ಹನಿ ನೀರು ಚಿಮುಕಿಸಿ. ಯಾರಿಗಾದರೂ ಕೊಡೋದಿದ್ದರೆ ಏಪ್ರಿಲ್ ಕೊನೆಗೆ, ಕಣ್ಣು ಕಂಡ ಮೇಲೇ ಕೊಡಿ. ಒಂದೊಂದನ್ನೂ ಬೇರೆ ಬೇರೆ ಪೇಪರಲ್ಲಿ ಸುತ್ತಿ, ಬಳೆ ಸಮೇತ.