ಓಹಿಯೋದ ಸ್ಮಶಾನಗಳಲ್ಲಿ ನನ್ನ ಶನಿವಾರಗಳು

ವಂಶಾವಳಿ ಸಂಘಕ್ಕೆ ಹೊಸದಾಗಿ ಸೇರಿದವರಿಗೆ ಮೊದಲು ಒಂದು ಹಾಳೆ ಕೊಡುತ್ತಾರೆ. ನಾಲ್ಕು ತಲೆಮಾರು, 15 ಖಾನೆ. 1 ನಾವು, 2 ಅಪ್ಪ, 3 ಅಮ್ಮ. ಮೇಲಕ್ಕೆ ಹೋದ ಹಾಗೆ ಗಂಡಸರಿಗೆ ಸರಿಸಂಖ್ಯೆ, ಹೆಂಗಸರಿಗೆ ಬೆಸಸಂಖ್ಯೆ. ನಾನು ಜೋರಾಗಿ ಶುರು ಮಾಡಿದೆ. ಖಾನೆ 15ಕ್ಕೆ ಬಂದಾಗ ಪೆನ್ನು ನಿಂತಿತು. ಅಮ್ಮನ ಅಜ್ಜಿಯ ಹೆಸರೇನು? ಗೊತ್ತಿಲ್ಲ.

ಕೆಲಸಕ್ಕೆಂದು ಅಮೆರಿಕದ ಓಹಿಯೋಗೆ ಬಂದವನು ನಾನು. ಈ ರಾಜ್ಯದಲ್ಲಿ 88 ಕೌಂಟಿಗಳಿವೆ. ಕೌಂಟಿ ಅಂದರೆ ಹೆಚ್ಚುಕಡಿಮೆ ನಮ್ಮ ತಾಲೂಕು ಅಂದುಕೊಳ್ಳಿ. ನಮ್ಮ ಕೌಂಟಿಯಲ್ಲೂ ಒಂದು ವಂಶಾವಳಿ ಸಂಘ ಇದೆ. ಸದಸ್ಯರಲ್ಲಿ ಜಾಸ್ತಿ ಜನ ರಿಟೈರ್ ಆದವರು. ಲೈಬ್ರರಿಯಲ್ಲಿ ಸೇರುತ್ತಾರೆ. ನಾನು ಹೋದದ್ದು ಸುಮ್ನೆ, ಹಿಮ ಬೀಳೋ ದಿನ ಮನೇಲಿ ಕೂತು ಬೇಜಾರಾಗಿತ್ತು ಅಂತ.

ಚಳಿಗಾಲದಲ್ಲಿ ಒಳಗಿನ ಕೆಲಸ. ಹಳೆ ಪತ್ರಿಕೆಗಳ ಸಾವಿನ ಸುದ್ದಿಗಳನ್ನು ಮೈಕ್ರೋಫಿಲ್ಮ್‌ನಲ್ಲಿ ಓದಿ ಹೆಸರುಪಟ್ಟಿ ಮಾಡುವುದು. ಕಣ್ಣು ಉರಿಯುತ್ತದೆ, ಅಷ್ಟೇ. ಬೇಸಿಗೆಯಲ್ಲಿ ಸ್ಮಶಾನ, ಸಮಾಧಿ ಕಲ್ಲುಗಳ ಮೇಲಿನ ಬರಹ ಓದಿ ಬರೆದುಕೊಳ್ಳುವುದು. ನನಗೆ ರುಚಿ ಹತ್ತಿದ್ದು ಅಲ್ಲಿ.

ಕಲ್ಲನ್ನೇ ಯಾಕೆ ಓದಬೇಕು ಅಂತ ನಾನೂ ಕೇಳಿದ್ದೆ. ಸರ್ಕಾರಿ ಕಾಗದ ಇಲ್ವಾ? ಇದೆ, ಆದರೆ ತೂತುಗಳೂ ಇವೆ. ಓಹಿಯೋದಲ್ಲಿ 1867ರಿಂದ 1908ರವರೆಗೆ ಜನನ ಮರಣ ಬರೆದಿಟ್ಟದ್ದು ಕೌಂಟಿಯ ಪ್ರೊಬೇಟ್ ಕೋರ್ಟು, ಅಂದರೆ ಉಯಿಲು, ಸತ್ತವರ ಆಸ್ತಿ ವಿಷಯ ನೋಡುವ ಕೋರ್ಟು. ಅದಕ್ಕಿಂತ ಹಿಂದಿನದು ಸಿಗುವುದು ಕಡಿಮೆ. 1850ಕ್ಕೆ ಮುಂಚಿನ ಜನಗಣತಿಯಲ್ಲಿ ಮನೆ ಯಜಮಾನನ ಹೆಸರು ಮಾತ್ರ ಇರುತ್ತದೆ, ಉಳಿದವರು ಬರೀ ಲೆಕ್ಕ. 1890ರ ಜನಗಣತಿಯ ಬಹುಪಾಲು 1921ರಲ್ಲಿ ವಾಷಿಂಗ್ಟನ್‌ನಲ್ಲಿ ಬಿದ್ದ ಬೆಂಕಿಯಿಂದ ಹಾಳಾಯಿತು. ಹಾಗಾಗಿ 1840ರಲ್ಲಿ ಹೆರಿಗೆಯಲ್ಲಿ ತೀರಿಕೊಂಡ ಒಬ್ಬ ಹೆಂಗಸಿನ ಹೆಸರು ಕಲ್ಲಿನಲ್ಲಿ ಮಾತ್ರ ಉಳಿದಿರಬಹುದು. ಆ ಕಲ್ಲೋ, ಅಮೃತಶಿಲೆ. ಮಳೆಗೆ ಸವೆದು ಮೇಲ್ಮೈ ಸಕ್ಕರೆ ಹರಳಿನ ಹಾಗೆ ಉದುರುತ್ತಿರುತ್ತದೆ.

ಇಬ್ಬಿಬ್ಬರ ಜೋಡಿ ಮಾಡಿಕೊಂಡು ಹೋಗುತ್ತೇವೆ. ಒಬ್ಬರು ಓದುವುದು, ಇನ್ನೊಬ್ಬರು ಬರೆದುಕೊಂಡು ತಿರುಗಿ ಓದಿ ಹೇಳುವುದು. ನೋಡಿಕೊಳ್ಳುವವರಿಲ್ಲದ ಸ್ಮಶಾನಗಳ ಹೊಣೆ ಇಲ್ಲಿ ಟೌನ್‌ಶಿಪ್‌ನವರದು (ಕೌಂಟಿಯೊಳಗಿನ ಸ್ಥಳೀಯ ಆಡಳಿತ), ಅವರನ್ನು ಮೊದಲೇ ಕೇಳಿರುತ್ತೇವೆ. ಚೀಲದಲ್ಲಿ ನೀರು, ಮೆತ್ತನೆ ಬ್ರಷ್ಷು, ಪಾಚಿ ಎಬ್ಬಿಸಲು ಮರದ ಕಡ್ಡಿ. ತೊಳೆಯುವುದು ಕೆಳಗಿನಿಂದ ಮೇಲಕ್ಕೆ, ಇಲ್ಲದಿದ್ದರೆ ಕೊಳೆ ನೀರು ಇಳಿದು ಗೆರೆ ಬೀಳುತ್ತದೆ. ಬ್ಲೀಚ್, ತಂತಿ ಬ್ರಷ್ಷು, ಸೀಮೆಸುಣ್ಣ ಯಾವುದೂ ಬೇಡ. ಅಲುಗಾಡುವ ಕಲ್ಲನ್ನು ಮುಟ್ಟುವುದೇ ಬೇಡ. ಎಲ್ಲಕ್ಕಿಂತ ದೊಡ್ಡ ಹತಾರ ಒಂದು ಉದ್ದನೆ ಕನ್ನಡಿ. ಬಿಸಿಲನ್ನು ಪಕ್ಕದಿಂದ ಕಲ್ಲಿನ ಮೇಲೆ ಓರೆಯಾಗಿ ಹಾಯಿಸಿದರೆ, ಬರೀ ಚಪ್ಪಟೆ ಅಂತ ಕಂಡ ಜಾಗದಲ್ಲಿ ಅಕ್ಷರ ಎದ್ದು ನಿಲ್ಲುತ್ತವೆ. ಮೊದಲ ಸಲ ನೋಡಿದಾಗ ನಾನು ಕನ್ನಡದಲ್ಲೇ ಕೂಗಿಬಿಟ್ಟಿದ್ದೆ.

ಹಳೆ ಕಲ್ಲುಗಳಲ್ಲಿ ಹುಟ್ಟಿದ ದಿನ ಎಷ್ಟೋ ಸಲ ಇರುವುದಿಲ್ಲ. ಸತ್ತದ್ದು 1854 ಮಾರ್ಚ್ 12, ವಯಸ್ಸು 31 ವರ್ಷ 4 ತಿಂಗಳು 20 ದಿನ, ಹೀಗಿರುತ್ತದೆ. ನಾವು ಕೂತು ಕಳೆಯಬೇಕು: 1822 ಅಕ್ಟೋಬರ್ 23. ಇನ್ನು ಹೆಂಗಸರ ಕಲ್ಲಿನಲ್ಲಿ ಎರಡು ಮಾತು ಬರುತ್ತವೆ, ‘ಕಾನ್ಸಾರ್ಟ್’ ಮತ್ತು ‘ರೆಲಿಕ್ಟ್’. ಎರಡಕ್ಕೂ ಹೆಂಡತಿ ಅಂತಲೇ ಬರೆಯುತ್ತಿದ್ದೆ. ನನ್ನ ಜೊತೆ ಜೋಡಿಯಾಗಿ ಬರುತ್ತಿದ್ದ ಅಜ್ಜಿ ವಿವರಿಸಿದರು: ಗಂಡ ಬದುಕಿರುವಾಗಲೇ ತೀರಿಕೊಂಡವಳು ಮೊದಲನೆಯದು, ಗಂಡ ಸತ್ತ ಮೇಲೆ ಉಳಿದವಳು ಎರಡನೆಯದು. ಅಯ್ಯೋ, ಮುತ್ತೈದೆ ಸಾವು ಅನ್ನೋದಕ್ಕೆ ಇವರಲ್ಲೂ ಒಂದು ಮಾತಿತ್ತಲ್ಲ! ಅವರಿಗೆ ಅದನ್ನು ಬಿಡಿಸಿ ಹೇಳಲು ಅರ್ಧ ಗಂಟೆ ಹಿಡಿಯಿತು.

ತಪ್ಪೂ ಮಾಡಿದ್ದೇನೆ. ಒಂದು ಜರ್ಮನ್ ಕಲ್ಲಿನಲ್ಲಿ ‘ಕಥರೀನಾ’ ಅಂತಿತ್ತು. ಇಂಗ್ಲಿಷಿನ ಕ್ಯಾಥರಿನ್ ಇರಬೇಕು, ಕೆತ್ತಿದವನು ಎಡವಿದ್ದಾನೆ ಅಂತ ನಾನೇ ತಿದ್ದಿ ಪಟ್ಟಿಗೆ ಹಾಕಿದೆ. ಮುಂದಿನ ವರ್ಷ ಬೇರೆ ರಾಜ್ಯದವರೊಬ್ಬರು ಆಕೆಯನ್ನೇ ಹುಡುಕಿಕೊಂಡು ಬಂದರು. ನಮ್ಮ ಪಟ್ಟಿಯಲ್ಲಿ ಆ ಹೆಸರೇ ಇಲ್ಲ! ಕೊನೆಗೆ ಫೋಟೋಗಳನ್ನು ಒಂದೊಂದಾಗಿ ತಿರುವಿದಾಗ ಸಿಕ್ಕಿತು. ಅಜ್ಜಿ ಬೈಯಲಿಲ್ಲ. “ಕಲ್ಲಿನಲ್ಲಿ ತಪ್ಪಿದ್ದರೆ ತಪ್ಪನ್ನೇ ಬರಿ. ನಿನಗೆ ಅನಿಸಿದ್ದನ್ನು ಪಕ್ಕದಲ್ಲಿ ಬೇರೆಯಾಗಿ ಬರಿ. ಯಾರು ಹೇಳಿದ್ದು ಅಂತಲೂ ಬರಿ” ಅಂದರು.

ನಮ್ಮದು ಧಾರವಾಡದ ಕಡೆ. ಚಿಕ್ಕವನಿದ್ದಾಗ ಹೆಳವರು ಎತ್ತಿನ ಮೇಲೆ ಬಂದು ಬಾಗಿಲಲ್ಲಿ ನಿಂತು ನಮ್ಮ ಮನೆತನದ ಹೆಸರುಗಳನ್ನು ಹೇಳುತ್ತಿದ್ದರು. ಕಾಳು ಕೊಟ್ಟು ಕಳಿಸುತ್ತಿದ್ದೆವು. ಮುತ್ತಜ್ಜ, ಅವನಪ್ಪ, ಅವನಪ್ಪ. ಹೆಂಗಸರ ಹೆಸರು ಕೇಳಿದ ನೆನಪು ನನಗಿಲ್ಲ.

ಖಾನೆ 15ಕ್ಕಾಗಿ ಅವ್ವನಿಗೆ ಫೋನ್ ಮಾಡಿದೆ. ನಮ್ಮ ಕಡೆ ಅಜ್ಜಿಗೆ ಆಯಿ ಅಂತಾರೆ.

“ಅವ್ವಾ, ನಿಮ್ಮ ಆಯಿ ಹೆಸರೇನು?”

“ಆಯಿ ಅಂತಿದ್ವಿ. ಆಕಿ ಹೆಸರ ಹಿಡದು ಯಾರು ಕರೀತಿದ್ರೋ?”

ಎರಡು ದಿನ ಬಿಟ್ಟು ದೊಡ್ಡವ್ವನೇ ಫೋನ್ ಮಾಡಿದಳು. ತವರಿನಲ್ಲಿ ಒಂದು ಹೆಸರಂತೆ, ಮದುವೆಯಲ್ಲಿ ಗಂಡನ ಮನೆಯವರು ಇಟ್ಟದ್ದು ಇನ್ನೊಂದಂತೆ. ಖಾನೆ ಚಿಕ್ಕದು, ಎರಡನ್ನೂ ಪೆನ್ಸಿಲಿನಲ್ಲಿ ತುರುಕಿದೆ. ಪಕ್ಕದಲ್ಲಿ ತಾರೀಖು ಹಾಕಿ, ದೊಡ್ಡವ್ವ ಫೋನಿನಲ್ಲಿ ಹೇಳಿದ್ದು ಅಂತ ಬರೆದೆ.