ಪಿಕಪ್ ಬೆಡ್‌ನಲ್ಲಿ ಎರಡನೇ ಡೀಸೆಲ್ ಟ್ಯಾಂಕು: ನಾನು ಕೂರಿಸಿದ ಬಗೆ

ಅಮೆರಿಕದಲ್ಲಿ 2011ರಿಂದ 2016ರ ತನಕ ಬಂದ ಫೋರ್ಡ್ ಎಫ್-250 ಪಿಕಪ್‌ನಲ್ಲಿ ಕ್ರೂ ಕ್ಯಾಬ್ (ನಾಲ್ಕು ಬಾಗಿಲಿನದು), ಶಾರ್ಟ್ ಬೆಡ್ (ಹಿಂದಿನ ಸಾಮಾನು ತೊಟ್ಟಿ ಗಿಡ್ಡದು), 6.7 ಲೀಟರ್ ಡೀಸೆಲ್ ಗಾಡಿಯ ಟ್ಯಾಂಕು 26 ಗ್ಯಾಲನ್, ಅಂದರೆ 98 ಲೀಟರ್. ಅದೇ ಇಂಜಿನ್ನಿನ ಲಾಂಗ್ ಬೆಡ್ ಗಾಡಿಗೆ 37.5 ಗ್ಯಾಲನ್. ಖಾಲಿ ಓಡಾಡುವವರಿಗೆ 26 ಸಾಕು. ಹಿಂದೆ ದೊಡ್ಡ ಟ್ರೇಲರ್ ಕಟ್ಟಿದರೆ ಗ್ಯಾಲನ್ನಿಗೆ ಹತ್ತು ಮೈಲಿ ಸಿಕ್ಕರೆ ಹೆಚ್ಚು. ಕಾಲು ಟ್ಯಾಂಕು ಉಳಿಸಿಕೊಂಡು ಓಡಿಸುವ ಅಭ್ಯಾಸ ಇದ್ದರೆ 200 ಮೈಲಿ ಆಗುವ ಮೊದಲೇ ಬಂಕ್ ಹುಡುಕಬೇಕು. ಪಶ್ಚಿಮ ಟೆಕ್ಸಾಸಿನ ಐ-10 ಹೆದ್ದಾರಿಯಲ್ಲಿ ಫೋರ್ಟ್ ಸ್ಟಾಕ್ಟನ್ ಬಿಟ್ಟರೆ ವ್ಯಾನ್ ಹಾರ್ನ್‌ಗೆ ಸುಮಾರು 120 ಮೈಲಿ. ನಡುವೆ ಬಂಕ್ ವಿರಳ; ಸಿಕ್ಕ ಬಂಕಿನಲ್ಲೂ 30 ಅಡಿಯ ಟ್ರೇಲರ್ ತಿರುಗಿಸಲು ಜಾಗ ಇದ್ದೇ ಇರುತ್ತದೆ ಎನ್ನುವ ಹಾಗಿಲ್ಲ. ಅದಕ್ಕಾಗಿ ಬೆಡ್‌ನಲ್ಲಿ 40 ಗ್ಯಾಲನ್ನಿನ ಹೆಚ್ಚುವರಿ ಟ್ಯಾಂಕು ಕೂರಿಸಿ, ಅಲ್ಲಿಂದ ಮುಖ್ಯ ಟ್ಯಾಂಕಿಗೆ ಡೀಸೆಲ್ ತಾನಾಗಿ ಇಳಿಯುವಂತೆ ಮಾಡಿಕೊಂಡೆ.

ಮೊದಲೇ ಹೇಳಿಬಿಡುತ್ತೇನೆ: ಇದು ಡೀಸೆಲ್ ಗಾಡಿಗೆ ಮಾತ್ರ. ಪೆಟ್ರೋಲಿನ ಆವಿ ಸೊನ್ನೆಗಿಂತ 40 ಡಿಗ್ರಿ ಕೆಳಗೂ ಕಿಡಿ ತಾಗಿದರೆ ಹೊತ್ತಿಕೊಳ್ಳುತ್ತದೆ; ನಂ. 2 ಡೀಸೆಲ್‌ಗೆ ಕನಿಷ್ಠ 52 ಡಿಗ್ರಿ ಸೆಲ್ಸಿಯಸ್ ಬೇಕು. ಅಲ್ಲದೆ ಪೆಟ್ರೋಲ್ ಗಾಡಿಯ ಇಂಧನ ವ್ಯವಸ್ಥೆ ಆವಿ ಹೊರಗೆ ಹೋಗದ ಹಾಗೆ ಪೂರ್ತಿ ಸೀಲ್ ಆಗಿರುತ್ತದೆ. ಅದರ ಫಿಲ್ಲರ್ ಹೋಸ್ (ಇಂಧನ ತುಂಬಿಸುವ ಕೊಳವೆ) ಕತ್ತರಿಸಿ ಟೀ, ಅಂದರೆ T ಆಕಾರದ ಮೂರು ಬಾಯಿಯ ಜೋಡಣೆ, ಹಾಕುವುದು ಕಾನೂನಿಗೂ ವಿರುದ್ಧ, ಜೀವಕ್ಕೂ ಅಪಾಯ.

ಟ್ಯಾಂಕು ಕೊಳ್ಳುವಾಗ ಎರಡು ಹೆಸರು ಕಣ್ಣಿಗೆ ಬೀಳುತ್ತವೆ, ಟ್ರಾನ್ಸ್‌ಫರ್ ಟ್ಯಾಂಕ್ ಮತ್ತು ಆಕ್ಸಿಲರಿ ಟ್ಯಾಂಕ್. ನೋಡಲು ಎರಡೂ ಒಂದೇ ಥರದ ಅಲ್ಯೂಮಿನಿಯಂ ಡಬ್ಬಿ. ಟ್ರಾನ್ಸ್‌ಫರ್ ಟ್ಯಾಂಕು ಇರುವುದು ಹೊಲದ ಟ್ರ್ಯಾಕ್ಟರಿಗೋ ಜೆನರೇಟರಿಗೋ ಪಂಪಿನಿಂದ ಡೀಸೆಲ್ ಹಾಕಲು; ಗಾಡಿಯ ಇಂಜಿನ್ನಿಗೆ ಜೋಡಿಸಲು ಅಲ್ಲ. ಆಕ್ಸಿಲರಿ ಟ್ಯಾಂಕಿಗೆ ಕೆಳಗೆ ಹೋಸ್ ಹೊರಡುವ ಬಾಯಿ, ಒಳಗೆ ಅಡ್ಡ ತಡೆಗೋಡೆಗಳು, ಗಾಡಿ ಮಗುಚಿದರೆ ಮುಚ್ಚಿಕೊಳ್ಳುವ ಗಾಳಿ ವಾಲ್ವ್ ಇರುತ್ತವೆ. ಮೈಮೇಲಿನ ತಗಡನ್ನು ಓದಿ. ತಯಾರಾದ ತಿಂಗಳು, ವರ್ಷ, ತಯಾರಕರ ಹೆಸರು, ಜೊತೆಗೆ ಪಕ್ಕಕ್ಕೆ ಕಟ್ಟದ ಇಂಧನ ಟ್ಯಾಂಕುಗಳ ಬಗ್ಗೆ ಎಫ್‌ಎಂಸಿಎಸ್‌ಎ (ವಾಣಿಜ್ಯ ವಾಹನಗಳ ಸುರಕ್ಷತೆ ನೋಡುವ ಅಮೆರಿಕದ ಸರ್ಕಾರಿ ಸಂಸ್ಥೆ) ಹಾಕಿರುವ ನಿಯಮಗಳನ್ನು ಇದು ಪಾಲಿಸುತ್ತದೆ ಎಂಬ ಒಕ್ಕಣೆ ಇರಬೇಕು. ಆ ನಿಯಮ ವಾಣಿಜ್ಯ ವಾಹನಗಳಿಗಾಗಿ ಬರೆದದ್ದು. ಆದರೂ ಸ್ವಂತ ಗಾಡಿಗೂ ಆ ತಗಡಿಲ್ಲದ ಟ್ಯಾಂಕು ಬೇಡ ಎಂಬುದು ನನ್ನ ಮಾತು. ವೆಲ್ಡಿಂಗ್ ಅಂಗಡಿಯಲ್ಲಿ ಅಗ್ಗಕ್ಕೆ ಮಾಡಿಸಿದ ಟ್ಯಾಂಕಿನಲ್ಲಿ ತಡೆಗೋಡೆ ಇರುವುದಿಲ್ಲ. ಬ್ರೇಕ್ ಹಾಕಿದಾಗಲೆಲ್ಲ ನೂರಾರು ಪೌಂಡ್ ಡೀಸೆಲ್ ಮುಂದಿನ ಗೋಡೆಗೆ ಅಪ್ಪಳಿಸಿ ಅಪ್ಪಳಿಸಿ ಮೂಲೆಯ ಬೆಸುಗೆ ಬಿಡುತ್ತದೆ.

ಗಾತ್ರದ ಲೆಕ್ಕ ಹೀಗೆ. ಡೀಸೆಲ್ ಗ್ಯಾಲನ್ನಿಗೆ ಸುಮಾರು 7.1 ಪೌಂಡ್. 40 ಗ್ಯಾಲನ್ನಿಗೆ 284 ಪೌಂಡ್, ಅಂದರೆ 129 ಕಿಲೊ. ಟ್ಯಾಂಕು, ಬೋಲ್ಟು, ತಟ್ಟೆ ಸೇರಿದರೆ 360 ಪೌಂಡ್ ದಾಟುತ್ತದೆ. ಚಾಲಕನ ಬಾಗಿಲ ಕಂಬದ ಹಳದಿ ಸ್ಟಿಕ್ಕರಿನಲ್ಲಿ ಜನ, ಸಾಮಾನು ಸೇರಿ ಎಷ್ಟು ತೂಕ ಹೊರಬಹುದು ಎಂದಿದೆ; ಇದಷ್ಟೂ ಅದರಿಂದಲೇ ಕಳೆಯಬೇಕು. ಫಿಫ್ತ್ ವೀಲ್ ಟ್ರೇಲರ್, ಅಂದರೆ ಬೆಡ್ಡಿನೊಳಗಿನ ಕೊಂಡಿಗೆ ಕಟ್ಟುವಂಥದ್ದು, ಆದರೆ ಅದರ ತೂಕದ ಸುಮಾರು ಐದರಲ್ಲಿ ಒಂದು ಪಾಲು ಬೆಡ್ ಮೇಲೆ ಕೂರುತ್ತದೆ. 10,000 ಪೌಂಡಿನ ಟ್ರೇಲರಿಗೆ 2,000 ಪೌಂಡ್ ಅಲ್ಲೇ ಹೋಯಿತು. ಜೊತೆಗೆ ಕ್ಯಾಬಿನಲ್ಲಿ ನಾಲ್ಕು ಜನ ಕೂತರೆ ಎಫ್-250ಯ ಮಿತಿ ಮುಗಿದೇಹೋಗುತ್ತದೆ. ಅದಕ್ಕೇ 60, 90 ಗ್ಯಾಲನ್ನಿನ ಆಸೆಗೆ ಬೀಳದೆ 40ಕ್ಕೆ ನಿಂತೆ. ಟ್ಯಾಂಕಿನ ಎತ್ತರವನ್ನೂ ನೋಡಬೇಕು: ಶಾರ್ಟ್ ಬೆಡ್‌ನಲ್ಲಿ ತಿರುವು ತೆಗೆದುಕೊಳ್ಳುವಾಗ ಟ್ರೇಲರಿನ ಮುಂದಿನ ಮೂಲೆ ಕ್ಯಾಬಿನ ಹತ್ತಿರ ಬರುತ್ತದೆ. 48 ಇಂಚು ಉದ್ದ, 19 ಅಗಲ, 11 ಎತ್ತರದ ಮಟ್ಟಸ ಟ್ಯಾಂಕು ಬೆಡ್ಡಿನ ಅಂಚಿಗಿಂತ ಕೆಳಗೇ ಉಳಿಯುತ್ತದೆ.

ಬೆಡ್‌ಗೆ ಕೂರಿಸುವ ಕೆಲಸದಲ್ಲಿ ಗಂಡಾಂತರ ಇರುವುದು ಒಂದೇ ಕಡೆ. ಶಾರ್ಟ್ ಬೆಡ್ ಗಾಡಿಯಲ್ಲಿ ಮುಖ್ಯ ಟ್ಯಾಂಕು ಇರುವುದು ಚಾಲಕನ ಬದಿಯಲ್ಲಿ, ಬೆಡ್ಡಿನ ಮುಂಭಾಗದ ಕೆಳಗೇ. ಅಂದರೆ ಹೊಸ ಟ್ಯಾಂಕಿನ ಎಡಗಡೆಯ ಬೋಲ್ಟುಗಳ ನೇರ ಕೆಳಗೆ. ಕೆಳಗೆ ಮಲಗಿ, ಟಾರ್ಚ್ ಹಿಡಿದು, ಫ್ರೇಮು, ವೈರಿಂಗು, ಬ್ರೇಕ್ ಪೈಪು ಎಲ್ಲಿವೆ ಎಂದು ಸೀಮೆಸುಣ್ಣದಲ್ಲಿ ಗುರುತು ಹಾಕಿಕೊಳ್ಳದೆ ಡ್ರಿಲ್ ಮುಟ್ಟಬಾರದು. ಡ್ರಿಲ್ ಬಿಟ್ಟಿಗೆ ಅರ್ಧ ಇಂಚಿಗೆ ನಿಲ್ಲುವ ಹಾಗೆ ಸ್ಟಾಪ್ ಕಾಲರ್ ಕಟ್ಟಿ. ಅರ್ಧ ಇಂಚಿನ ಗ್ರೇಡ್ 8 ಬೋಲ್ಟು ನಾಲ್ಕು, ಕೆಳಗಡೆ 3/16 ಇಂಚು ದಪ್ಪದ ಉಕ್ಕಿನ ತಟ್ಟೆ, ನೈಲಾನ್ ಹಿಡಿತದ ನಟ್ಟು. ಬರೀ ವಾಷರ್ ಹಾಕಿದರೆ ಜೋರಾಗಿ ಬ್ರೇಕ್ ಹಾಕಿದಾಗ ಬೆಡ್ಡಿನ ತೆಳು ತಗಡನ್ನು ಕಿತ್ತುಕೊಂಡೇ ಬೋಲ್ಟು ಮೇಲೆ ಬರುತ್ತದೆ. ತೂತಿನ ಅಂಚಿಗೆ ಸತುವಿನ ಪ್ರೈಮರ್ ಬಳಿಯಿರಿ, ಇಲ್ಲದಿದ್ದರೆ ಅಲ್ಲಿಂದಲೇ ತುಕ್ಕು ಶುರು.

ಈ ಗಾಡಿಗಳ ಬೆಡ್ಡು ಉಕ್ಕು, ಟ್ಯಾಂಕು ಅಲ್ಯೂಮಿನಿಯಂ. ನಡುವೆ ನೀರು ನಿಂತರೆ ಅಲ್ಯೂಮಿನಿಯಂ ತಳ ಚುಕ್ಕೆ ಚುಕ್ಕೆಯಾಗಿ ತಿಂದುಹೋಗುತ್ತದೆ. ಅದಕ್ಕೆ ಕಾಲು ಇಂಚು ದಪ್ಪದ ರಬ್ಬರ್ ಪಟ್ಟಿಗಳ ಮೇಲೆ ಟ್ಯಾಂಕು ಕೂರಿಸಬೇಕು. ಇಡೀ ಹಾಸು ಹಾಕಬೇಡಿ, ಪಟ್ಟಿಗಳ ನಡುವೆ ನೀರು ಹರಿದುಹೋಗಲಿ. ಆದರೆ ರಬ್ಬರಿನ ಮೇಲೆ ಕೂತ ಟ್ಯಾಂಕಿಗೂ ಗಾಡಿಯ ಮೈಗೂ ವಿದ್ಯುತ್ ಸಂಪರ್ಕ ಬೋಲ್ಟಿನ ಮೂಲಕ ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಈಗಿನ ಡೀಸೆಲ್‌ನಲ್ಲಿ ಗಂಧಕ 15 ಪಿಪಿಎಂ ಮಿತಿಯೊಳಗೆ; ಅಷ್ಟು ಶುದ್ಧ ಮಾಡಿದ ಡೀಸೆಲ್ ಪೈಪಿನಲ್ಲಿ ಜೋರಾಗಿ ಹರಿಯುವಾಗ ಸ್ಥಿರ ವಿದ್ಯುತ್ ಕೂಡುತ್ತದೆ, ಬೇಗ ಇಳಿಯುವುದಿಲ್ಲ. ಟ್ಯಾಂಕಿನ ಒಂದು ಬೋಲ್ಟ್ ಕಿವಿಯಿಂದ ಫ್ರೇಮಿಗೆ ಹೆಣೆದ ತವರ ಲೇಪಿತ ಪಟ್ಟಿಯೊಂದನ್ನು ಬಣ್ಣ ಕೆರೆದು ಬಿಗಿದರೆ ಆ ಚಿಂತೆ ತೀರುತ್ತದೆ. ಪ್ಲಾಸ್ಟಿಕ್ ಬೆಡ್ ಲೈನರ್ ಇದ್ದವರು ಇದನ್ನು ಬಿಡಲೇಬಾರದು.

ಇಷ್ಟು ಕೆಲಸ ಯಾರು ಬೇಕಾದರೂ ಮಾಡಿಯಾರು. ನಿಜವಾದ ಕೆಲಸ ಎರಡು ಟ್ಯಾಂಕುಗಳ ನಡುವಿನ ಅರ್ಧ ಇಂಚಿನ ದಾರಿಯದು.

ಮುಖ್ಯ ಟ್ಯಾಂಕಿನ ಫಿಲ್ಲರ್ ಬಾಯಿಯಿಂದ ಕೆಳಗೆ ಎರಡು ಹೋಸ್ ಇಳಿಯುತ್ತವೆ. ದಪ್ಪನೆಯದು ಡೀಸೆಲ್ ಹೋಗಲು, ಸಣ್ಣದು ಗಾಳಿ ಬರಲು. ಟೀ ಹಾಕಬೇಕಾದ್ದು ದಪ್ಪನೆಯ ಹೋಸಿಗೆ. ಗಾಳಿಯ ಹೋಸಿಗೆ ಹಾಕಿದರೆ ಆಮೇಲೆ ಬಂಕಿನಲ್ಲಿ ನಾಜಲ್ ಕ್ಷಣಕ್ಕೊಮ್ಮೆ ಟಪ್ ಎಂದು ನಿಲ್ಲುತ್ತದೆ. ಮುಖ್ಯ ಟ್ಯಾಂಕು ಕಾಲು ಭಾಗಕ್ಕಿಂತ ಕಡಿಮೆ ಇರುವಾಗ ಈ ಕೆಲಸ ಹಿಡಿಯಿರಿ. ಹೋಸಿನ ಒಳ ವ್ಯಾಸವನ್ನು ಕ್ಯಾಲಿಪರಿನಿಂದ ಅಳೆದು ಅದೇ ಅಳತೆಯ ಟೀ ತರಿಸಿ. ಸುತ್ತ ಅಂಟಿದ ರಸ್ತೆಯ ಧೂಳನ್ನು ತೊಳೆದು ಒರೆಸಿ, ಅಲಗಿಗೆ ಡೀಸೆಲ್ ಸವರಿ, ಹರಿತವಾದ ಹೋಸ್ ಕಟ್ಟರಿನಿಂದ ಒಂದೇ ಏಟಿಗೆ ಕತ್ತರಿಸಬೇಕು. ಹ್ಯಾಕ್ಸಾದಿಂದ ಕುಯ್ದರೆ ರಬ್ಬರಿನ ಪುಡಿ ಟ್ಯಾಂಕಿಗೆ ಬೀಳುತ್ತದೆ. ಟೀಯ ಕವಲು ಬಾಯಿ ಮೇಲ್ಮುಖವಾಗಿರಲಿ.

ಎರಡು ಟ್ಯಾಂಕುಗಳ ನಡುವಿನ ಅರ್ಧ ಇಂಚಿನ ಹೋಸ್ ಎಸ್‌ಎಇ ಜೆ30ಆರ್7 ಎಂಬ ಇಂಧನ ಹೋಸ್ ದರ್ಜೆಯದು. ಹೀಟರ್ ಹೋಸ್ ನೋಡಲು ಹಾಗೇ ಇರುತ್ತದೆ, ಬೆಲೆಯೂ ಕಡಿಮೆ. ಆದರೆ ಅದರ ರಬ್ಬರ್ ಡೀಸೆಲ್ ಕುಡಿದು ಊದಿಕೊಂಡು ಕೆಲವೇ ತಿಂಗಳಲ್ಲಿ ಮೆತ್ತಗಾಗುತ್ತದೆ. ಕ್ಲ್ಯಾಂಪಿಗೆ ಒಳಗೆ ನುಣುಪಾದ ಪಟ್ಟಿ ಇರುವುದನ್ನೇ ತನ್ನಿ. ಸೀಳುಗಳಿರುವ ಮಾಮೂಲಿ ಕ್ಲ್ಯಾಂಪು ಹೋಸಿನ ಮೈ ಕೊರೆಯುತ್ತದೆ. ಗ್ಯಾಲ್ವನೈಸ್ಡ್ ಫಿಟ್ಟಿಂಗ್ ಒಂದೂ ಬೇಡ, ತಾಮ್ರದ ಪೈಪೂ ಬೇಡ. ಸತು ಡೀಸೆಲ್‌ನಲ್ಲಿ ಕರಗಿ ಇಂಜೆಕ್ಟರ್ ತುದಿಯಲ್ಲಿ ಕೂರುತ್ತದೆ, ತಾಮ್ರ ಡೀಸೆಲ್ಲನ್ನೇ ಬೇಗ ಹಳಸುವಂತೆ ಮಾಡುತ್ತದೆ. ಸ್ಟೇನ್‌ಲೆಸ್ ಉಕ್ಕಿನವು ದುಬಾರಿ, ಆದರೂ ಅವೇ ಸರಿ. ತಿರುಪಿಗೆ ಬಿಳಿ ಟೇಪಿನ ಬದಲು ಡೀಸೆಲ್ ತಡೆಯುವ ಪೇಸ್ಟ್ ಹಚ್ಚಿ. ಟೇಪಿನ ಎಳೆ ಹರಿದು ಫಿಲ್ಟರ್ ತನಕ ಹೋಗುತ್ತದೆ. ಟ್ಯಾಂಕಿನ ಅಲ್ಯೂಮಿನಿಯಂ ತಿರುಪು ಮೆದು: ಕೈಯಲ್ಲಿ ಬಿಗಿಯಾದ ಮೇಲೆ ಸ್ಪ್ಯಾನರಿನಿಂದ ಒಂದೂವರೆ ಸುತ್ತು ಸಾಕು.

ಕಾಲು ಸುತ್ತಿಗೆ ಮುಚ್ಚುವ ಬಾಲ್ ವಾಲ್ವ್ ಟ್ಯಾಂಕಿನ ಬಾಯಿಗೇ ಅಂಟಿಕೊಂಡಿರಬೇಕು, ಹೋಸಿನ ಮಧ್ಯೆ ಅಲ್ಲ. ಹೋಸ್ ಎಲ್ಲೇ ಹರಿದರೂ ಆ ಒಂದು ಹಿಡಿ ತಿರುಗಿಸಿದರೆ ಸೋರಿಕೆ ನಿಲ್ಲಬೇಕು. ವಾಲ್ವ್ ಆದ ಮೇಲೆ ಫಿಲ್ಟರು, ಅಲ್ಲಿಂದ ಬೆಡ್ಡಿನ ತೂತಿನಲ್ಲಿ ರಬ್ಬರ್ ಗ್ರಾಮೆಟ್ ದಾಟಿ, ಎಲ್ಲೂ ಮೇಲೇರದೆ ಇಳಿಜಾರಾಗಿ ಟೀ ತನಕ. ಮಧ್ಯೆ ಒಂದು ಕಡೆ ಹೋಸ್ ಗೂನು ಎದ್ದರೂ ಅಲ್ಲಿ ಗಾಳಿ ಸಿಕ್ಕಿಕೊಂಡು ಹರಿವು ನಿಲ್ಲುತ್ತದೆ. ಇಡೀ ಹೋಸ್ ಗಾಡಿಯ ಎಡಬದಿಯಲ್ಲೇ ಇರಲಿ. ಬಲಬದಿಯಲ್ಲಿ ಎಕ್ಸಾಸ್ಟ್ ಇದೆ, ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ತನ್ನ ಮಸಿ ಸುಡುವಾಗ ಒಳಗಿನ ಬಿಸಿ 550 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ.

ವಾಲ್ವ್ ಯಾವಾಗ ತೆರೆಯಬೇಕು ಎಂಬುದರಲ್ಲೇ ಬಹಳ ಜನ ಎಡವುತ್ತಾರೆ. ಮೇಲಿನ ಟ್ಯಾಂಕಿನ ಮಟ್ಟ ಕೆಳಗಿನ ಫಿಲ್ಲರ್ ಕೊಳವೆಗಿಂತ ಎತ್ತರ. ವಾಲ್ವ್ ಸದಾ ತೆರೆದಿಟ್ಟರೆ ಕೆಳಗಿನ ಟ್ಯಾಂಕು ತುಂಬಿದ ಮೇಲೂ ಡೀಸೆಲ್ ಇಳಿಯುತ್ತಲೇ ಇರಲು ನೋಡುತ್ತದೆ. ಕೊಳವೆಯೊಳಗೆ ಏರಿ, ಫಿಲ್ಲರ್ ಬಾಯಿಯ ಸೀಲ್ ಸ್ವಲ್ಪ ಸೋತಿದ್ದರೂ ಅಲ್ಲಿಂದ ಹೊರಬರುತ್ತದೆ. ಇಳಿಜಾರಿನಲ್ಲಿ ನಿಲ್ಲಿಸಿದ ಗಾಡಿಯ ಕೆಳಗೆ ಬೆಳಿಗ್ಗೆ ಡೀಸೆಲ್ ಹರಡಿಕೊಂಡಿದ್ದರೆ ಕಾರಣ ಸಾಮಾನ್ಯವಾಗಿ ಇದೇ. ತಾನಾಗಿ ಮುಚ್ಚುವ ಫ್ಲೋಟ್ ವಾಲ್ವ್‌ಗಳೂ ಸಿಗುತ್ತವೆ, ಕೆಲಸವನ್ನೂ ಮಾಡುತ್ತವೆ, ಆದರೆ ಸೀಟಿನಲ್ಲಿ ಒಂದು ಕಸ ಕೂತರೆ ಮುಚ್ಚುವುದಿಲ್ಲ. ಕೈ ವಾಲ್ವಿನ ಮೇಲೇ ನನ್ನ ನಂಬಿಕೆ. ಮುಖ್ಯ ಟ್ಯಾಂಕು ಅರ್ಧಕ್ಕಿಂತ ಕೆಳಗೆ ಬಂದ ಮೇಲೆ ಗಾಡಿ ನಿಲ್ಲಿಸಿ ತೆರೆಯುವುದು, ಮುಳ್ಳು ಮುಕ್ಕಾಲು ದಾಟಿದಾಗ ಮುಚ್ಚುವುದು. ಅರ್ಧ ಇಂಚಿನ ಹೋಸಿನಲ್ಲಿ ಬರೀ ಎತ್ತರದ ಬಲಕ್ಕೆ ಇಳಿಯುವುದರಿಂದ ಸಾವಕಾಶ. ಊಟಕ್ಕೆ ನಿಲ್ಲಿಸಿದ ಹೊತ್ತು ಇದಕ್ಕೆ ಸರಿ. ರಾತ್ರಿ ನಿಲ್ಲಿಸುವಾಗ ಮುಚ್ಚಿಯೇ ಇರಬೇಕು. ವಾಲ್ವ್ ತೆರೆದುಕೊಂಡೇ ಓಡಿಸಿದರೆ ಇನ್ನೊಂದು ತೊಡಕು: ಮುಳ್ಳು ಬಹಳ ಮೈಲಿ ಒಂದೇ ಕಡೆ ನಿಲ್ಲುವುದರಿಂದ ಇಂಧನ ಮಟ್ಟದ ಸೆನ್ಸರ್ ಕೆಟ್ಟಿದೆ ಎಂದುಕೊಂಡು ಗಾಡಿಯ ಕಂಪ್ಯೂಟರ್ ಪಿ0461 ಎಂಬ ದೋಷದ ಕೋಡ್ ಹಾಕಬಹುದು.

ಡೀಸೆಲ್ ಇಳಿಯದೇ ಹೋದರೆ ಮೊದಲು ನೋಡಬೇಕಾದ್ದು ಮೇಲಿನ ಟ್ಯಾಂಕಿನ ಗಾಳಿ ವಾಲ್ವ್. ಧೂಳು ಕಟ್ಟಿ ಅದು ಮುಚ್ಚಿದ್ದರೆ ಒಳಗೆ ನಿರ್ವಾತವಾಗಿ ಹರಿವು ನಿಲ್ಲುತ್ತದೆ. ಮುಚ್ಚಳ ಸಡಿಲಿಸಿದಾಗ ಬುಸ್ ಎಂದು ಗಾಳಿ ಒಳಹೊಕ್ಕು ಡೀಸೆಲ್ ಹರಿಯತೊಡಗಿದರೆ ತೊಂದರೆ ಅಲ್ಲೇ.

ಇನ್ನು ಶುಚಿತ್ವ. ಇದಕ್ಕೆ ನಾನು ಕೊಡುವಷ್ಟು ತೂಕ ಬೇರೆ ಯಾವುದಕ್ಕೂ ಇಲ್ಲ. ಈ ಇಂಜಿನ್ನಿನ ಅಧಿಕ ಒತ್ತಡದ ಡೀಸೆಲ್ ಪಂಪು ಸಿಪಿ4 ಎಂಬ ಮಾದರಿಯದು. ಅದಕ್ಕೆ ಜಾರುವಿಕೆ ಕೊಡುವುದು ಡೀಸೆಲ್ಲೇ. ನೀರೋ ಲೋಹದ ಕಣವೋ ಹೋದರೆ ಪಂಪು ತನ್ನನ್ನೇ ಅರೆದುಕೊಂಡು ಆ ಪುಡಿಯನ್ನು ಇಂಜೆಕ್ಟರುಗಳ ತನಕ ಹರಡುತ್ತದೆ. ಆಮೇಲೆ ಪಂಪು, ಇಂಜೆಕ್ಟರುಗಳಿಗೆ ಡೀಸೆಲ್ ಹಂಚುವ ಕೊಳವೆ (ರೈಲು), ಇಂಜೆಕ್ಟರು ಎಲ್ಲಾ ಬದಲಿಸಬೇಕು, ಖರ್ಚು ಸಾವಿರಾರು ಡಾಲರ್. ಹೊಸ ಟ್ಯಾಂಕು ಎಂದರೆ ಶುದ್ಧ ಎಂದಲ್ಲ. ಎರಡು ಗ್ಯಾಲನ್ ಡೀಸೆಲ್ ಸುರಿದು, ನಾಲ್ಕು ಕಡೆಗೂ ವಾಲಿಸಿ ಕುಲುಕಿ, ಬಣ್ಣ ಸೋಸುವ ಜಾಲರಿಯ ಮೂಲಕ ಹೊರಗೆ ಬಿಟ್ಟು ನೋಡಿ. ಬಿಳಿ ಜಾಲರಿಯ ಮೇಲೆ ಉಗುರಿನ ಚೂರಿನಂಥ ಸುರುಳಿ ಅಲ್ಯೂಮಿನಿಯಂ ಎಳೆಗಳು, ಬೆಸುಗೆಯ ಕಪ್ಪು ಕಾಳುಗಳು ಕಾಣುತ್ತವೆ. ಅಲ್ಯೂಮಿನಿಯಂ ಆದ್ದರಿಂದ ಅಯಸ್ಕಾಂತಕ್ಕೆ ಅಂಟುವುದಿಲ್ಲ, ತೊಳೆದೇ ತೆಗೆಯಬೇಕು. ಜಾಲರಿಯಲ್ಲಿ ಏನೂ ಉಳಿಯದ ತನಕ ತೊಳೆಯಿರಿ. ಜೋಡಿಸಿ ಸುಮಾರು ಸಾವಿರ ಮೈಲಿ ಆದ ಮೇಲೆ ಗಾಡಿಯ ಎರಡೂ ಫಿಲ್ಟರ್, ಅಂದರೆ ಫ್ರೇಮಿನ ಮೇಲಿನದೂ ಇಂಜಿನ್ ಹತ್ತಿರದ್ದೂ, ಅವಧಿಗೆ ಕಾಯದೆ ಬದಲಿಸಿ. ಎರಡೂ ಮೋಟರ್‌ಕ್ರಾಫ್ಟ್ ಎಫ್‌ಡಿ4615 ಸೆಟ್‌ನಲ್ಲೇ ಬರುತ್ತವೆ.

ಸೋರಿಕೆ ಪರೀಕ್ಷೆಗೆ ಐದು ಗ್ಯಾಲನ್ ಸಾಕು. ವಾಲ್ವ್ ಮುಚ್ಚಿ ಒಂದು ರಾತ್ರಿ, ತೆರೆದು ಒಂದು ಗಂಟೆ. ಪ್ರತಿ ಜೋಡಣೆಗೂ ಒಣ ಟಿಶ್ಯೂ ಒತ್ತಿ ನೋಡಿ. ಕಣ್ಣಿಗೆ ಕಾಣದ ಒಸರು ಕಾಗದದಲ್ಲಿ ಕಲೆಯಾಗಿ ಕಾಣುತ್ತದೆ. ಕಂಪ್ರೆಸರ್ ಗಾಳಿ ತುಂಬಿ ಪರೀಕ್ಷಿಸಲು ಹೋಗಬೇಡಿ, ಚಪ್ಪಟೆ ಗೋಡೆಯ ಟ್ಯಾಂಕು ಕಡಿಮೆ ಒತ್ತಡಕ್ಕೇ ಉಬ್ಬಿ ಬೆಸುಗೆ ಬಿರಿಯುತ್ತದೆ.

40 ಗ್ಯಾಲನ್ನಿನ ಟ್ಯಾಂಕಿಗೆ 38ಕ್ಕೆ ನಿಲ್ಲಿಸಬೇಕು, ಶೇ. 95. ನೆಲದಡಿಯ ತಂಪು ಡೀಸೆಲ್ ಬಿಸಿಲಿನಲ್ಲಿ 25 ಡಿಗ್ರಿ ಬಿಸಿಯೇರಿದರೆ ಅಷ್ಟೇ ಡೀಸೆಲ್ ಮೂರು ಲೀಟರಿನಷ್ಟು ಹಿಗ್ಗುತ್ತದೆ. ಲಾರಿಗಳ ಬಂಕಿನ ದಪ್ಪ ನಾಜಲ್ ಈ ಟ್ಯಾಂಕಿಗೆ ಹಿಡಿಯುತ್ತದೆ, ಆದರೆ ನೊರೆ ಬಹಳ. ಕೊನೆಯ ಹತ್ತು ಗ್ಯಾಲನ್ ನಿಧಾನವಾಗಿ ಬಿಡಿ. ಟ್ರ್ಯಾಕ್ಟರಿನ ಕೆಂಪು ಡೀಸೆಲ್ ಒಮ್ಮೆಯೂ ಇದಕ್ಕೆ ಹಾಕಬಾರದು. ತೆರಿಗೆ ಇಲ್ಲದ ಆ ಡೀಸೆಲ್ ರಸ್ತೆಯ ಗಾಡಿಯಲ್ಲಿ ಸಿಕ್ಕರೆ ಅಮೆರಿಕದ ಕೇಂದ್ರ ಸರ್ಕಾರದ ದಂಡವೇ 1,000 ಡಾಲರ್ ಅಥವಾ ಗ್ಯಾಲನ್ನಿಗೆ 10 ಡಾಲರ್, ಯಾವುದು ಹೆಚ್ಚೋ ಅದು. ಟ್ಯಾಂಕಿನಲ್ಲಿ ಉಳಿದ ಬಣ್ಣ ಅಷ್ಟು ಸುಲಭಕ್ಕೆ ಹೋಗುವುದೂ ಇಲ್ಲ.

ನಮ್ಮ ಊರಲ್ಲಿ, ಅಂದರೆ ಭಾರತದಲ್ಲಿ, ಹೈಲಕ್ಸ್, ವಿ-ಕ್ರಾಸ್ ಪಿಕಪ್ ಇಟ್ಟುಕೊಂಡವರು ಇದನ್ನು ಓದಿ ಮಾಡಹೊರಡುವ ಮುನ್ನ ಮೋಟಾರು ವಾಹನ ಕಾಯ್ದೆಯ ಕಲಂ 52 ನೋಡಿ. ತಯಾರಕರು ಕೊಟ್ಟ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಿಸುವಂತಿಲ್ಲ ಎಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿದೆ. ಆರ್‌ಟಿಒ ಅನುಮತಿ ಇಲ್ಲದೆ ಇಂಥ ಜೋಡಣೆಗೆ ಕೈ ಹಾಕಿದರೆ ವಿಮೆಯೂ ಕೈಬಿಡಬಹುದು.

ಚಳಿಗಾಲದ ಮಾತೊಂದಿದೆ. ಓಡುವ ಇಂಜಿನ್ನಿನಿಂದ ವಾಪಸು ಬರುವ ಬಿಸಿ ಡೀಸೆಲ್ ಮುಖ್ಯ ಟ್ಯಾಂಕನ್ನು ಬೆಚ್ಚಗಿಡುತ್ತದೆ. ಬೆಡ್ಡಿನ ಟ್ಯಾಂಕಿಗೆ ಆ ಭಾಗ್ಯ ಇಲ್ಲ, ಗಾಳಿ ಎಷ್ಟು ತಣ್ಣಗೋ ಅದೂ ಅಷ್ಟೇ. ಟೆಕ್ಸಾಸಿನಲ್ಲಿ ತುಂಬಿಸಿದ ಡೀಸೆಲ್ ಹೊತ್ತು ಜನವರಿಯಲ್ಲಿ ಮಿನಸೋಟ ಕಡೆಗೆ ಹೊರಟರೆ ಮುಖ್ಯ ಟ್ಯಾಂಕು ಚೆನ್ನಾಗಿದ್ದಾಗಲೂ ಮೇಲಿನದರಲ್ಲಿ ಮೇಣ ಕಟ್ಟಿ ಫಿಲ್ಟರ್ ಮುಚ್ಚಿಹೋಗುತ್ತದೆ. ಹೋಗುವಾಗ ಮೇಲಿನ ಟ್ಯಾಂಕಿನ ಡೀಸೆಲ್ ಮೊದಲು ಖರ್ಚು ಮಾಡಿ, ಉತ್ತರದಲ್ಲಿ ಅಲ್ಲಿನ ಚಳಿಗಾಲದ ಡೀಸೆಲ್ ತುಂಬಿಸಿಕೊಳ್ಳಿ. ಜೆಲ್ ಆಗದಂತೆ ತಡೆಯುವ ದ್ರವ ಹಾಕುವುದಿದ್ದರೆ ಡೀಸೆಲ್ ಇನ್ನೂ ಬೆಚ್ಚಗಿರುವಾಗಲೇ ಹಾಕಬೇಕು. ಮೇಣ ಕಟ್ಟಿದ ಮೇಲೆ ಅದು ಉಪಯೋಗಕ್ಕೆ ಬಾರದು. ಹೋಸ್ ಹೊರಡುವ ಬಾಯಿ ತಳದಿಂದ ಅರ್ಧ ಇಂಚು ಮೇಲಿರುವುದರಿಂದ ಎರಡು ಗ್ಯಾಲನ್ನಿನಷ್ಟು ತಳದಲ್ಲೇ ಉಳಿಯುತ್ತದೆ, ತೇವದಿಂದ ಕೂಡಿದ ನೀರು ಇಳಿಯುವುದೂ ಅಲ್ಲಿಗೇ. ಮಳೆಗಾಲಕ್ಕೆ ಮುಂಚೆ ಒಮ್ಮೆ, ಚಳಿಗೆ ಮುಂಚೆ ಒಮ್ಮೆ ತಳದ ಡ್ರೈನ್ ಪ್ಲಗ್ ಬಿಚ್ಚಿ ಗಾಜಿನ ಜಾಡಿಗೆ ಅರ್ಧ ಲೀಟರ್ ಬಿಟ್ಟುಕೊಳ್ಳಿ. ಅಡಿಯಲ್ಲಿ ನೀರು ಬೇರೆಯಾಗಿ ನಿಂತರೆ, ಅಥವಾ ಕಂದು ಲೋಳೆ ಕಂಡರೆ, ಪೂರ್ತಿ ಖಾಲಿ ಮಾಡಿ ತೊಳೆದು ಬಯೋಸೈಡ್ (ಡೀಸೆಲ್‌ನಲ್ಲಿ ಬೆಳೆಯುವ ಸೂಕ್ಷ್ಮಜೀವಿ ಕೊಲ್ಲುವ ಮದ್ದು) ಹಾಕಿದ ಮೇಲೆಯೇ ಮತ್ತೆ ಆ ವಾಲ್ವ್ ತೆರೆಯಿರಿ.