ಸ್ಕ್ರೀನ್ ಮೇಲೆ ನನ್ನ ಚುಕ್ಕೆ ಯಾವುದು? ಕಾನ್ಫರೆನ್ಸ್‌ಗೆ ಬಂದವರ ಜೊತೆ ಮಾಡಿದ ಪ್ರಯೋಗ

ಮೂರು ದಿನದ ಕಾನ್ಫರೆನ್ಸ್, ಬಂದವರೆಲ್ಲ ನಮ್ಮ ಫೀಲ್ಡಿನವರೇ, ಸುಮಾರು ಮುನ್ನೂರು ಜನ. ನನಗೂ ನನ್ನ ಜೊತೆ ಕೆಲಸ ಮಾಡೋ ಇಬ್ರಿಗೂ ಒಂದು ಮೂಲೆ ಕೊಟ್ಟಿದ್ರು, ಜೊತೆಗೆ ಮೊದಲನೇ ದಿನ ಸಂಜೆ ಮತ್ತೆ ಕೊನೇ ದಿನ ಬೆಳಿಗ್ಗೆ ಮೇನ್ ಹಾಲಲ್ಲಿ ಇಪ್ಪತ್ತಿಪ್ಪತ್ತು ನಿಮಿಷ. ಷರತ್ತು ಒಂದೇ, ಇನ್ನೂ ಪ್ರಯೋಗದ ಹಂತದಲ್ಲಿರೋದನ್ನೇ ತರಬೇಕು, ಬಂದವರು ನಿಂತು ನೋಡೋದಲ್ಲ, ಕೈಯಾರೆ ಬಳಸ್ಬೇಕು. ನಾವು ಮೂರು ತಗೊಂಡು ಹೋದ್ವಿ. ಹಾಲಲ್ಲಿ ಕೂತವರೆಲ್ಲ ಸೇರಿ ಆಡೋ ಒಂದು ಗೇಮ್, ಯಾರು ಯಾರ ಎದುರು ನಿಂತು ಮಾತಾಡಿದ್ರು ಅಂತ ಗುರುತಿಸೋ ಬ್ಯಾಡ್ಜ್, ಆಮೇಲೆ ಕಣ್ಣಿಗೆ ಕಟ್ಕೊಂಡು ಕಂಪ್ಯೂಟರ್ ಸೃಷ್ಟಿಸಿದ ಲೋಕ ನೋಡೋ ಒಂದು ವಿಆರ್ ಹೆಡ್‌ಸೆಟ್.

ಹೆಡ್‌ಸೆಟ್ ಕಥೆ ಬೇಗ ಹೇಳಿಬಿಡ್ತೀನಿ. ಒಬ್ರಿಗೆ ಹಾಕಿ, ಪಟ್ಟಿ ಬಿಗಿ ಮಾಡಿ, ಕನ್ನಡಕ ಇದ್ರೆ ಅದಕ್ಕೆ ಜಾಗ ಮಾಡಿ, ಹೇಗೆ ಬಳಸ್ಬೇಕು ಅಂತ ಹೇಳಿ, ಆಟ ಮುಗಿದ ಮೇಲೆ ತೆಗೆದು ಒರೆಸಿ ಮುಂದಿನವರಿಗೆ ಕೊಡೋಷ್ಟರಲ್ಲಿ ಹತ್ತು ನಿಮಿಷ. ಗಂಟೆಗೆ ಆರು ಜನ, ಎಂಟು ಗಂಟೆ ಬಿಡುವಿಲ್ಲದೆ ನಡೆಸಿದ್ರೂ 48 ಜನ ಅಷ್ಟೇ. ಮಧ್ಯಾಹ್ನಕ್ಕೆ ವಾಪಸ್ ಪೆಟ್ಟಿಗೆಗೆ ಹಾಕಿದ್ವಿ.

ಗೇಮ್‌ನ ಐಡಿಯಾ ನಮ್ಮದಲ್ಲ. 1991ರಲ್ಲಿ ಲಾಸ್ ವೇಗಸ್‌ನಲ್ಲಿ ನಡೆದ ಸಿಗ್‌ಗ್ರಾಫ್ ಅನ್ನೋ ಕಂಪ್ಯೂಟರ್ ಗ್ರಾಫಿಕ್ಸ್ ಕಾನ್ಫರೆನ್ಸಲ್ಲಿ ಲೋರೆನ್ ಕಾರ್ಪೆಂಟರ್ ಅನ್ನೋರು ಸಾವಿರಾರು ಜನರ ಕೈಗೆ ಒಂದು ಕಡೆ ಕೆಂಪು ಇನ್ನೊಂದು ಕಡೆ ಹಸಿರು ಇರೋ ಪುಟ್ಟ ಹಲಗೆ ಕೊಟ್ಟು, ಕ್ಯಾಮೆರಾದಿಂದ ಆ ಬಣ್ಣಗಳನ್ನ ಎಣಿಸಿ, ಇಡೀ ಹಾಲಿಂದ ಪಾಂಗ್ ಆಡಿಸಿದ್ರು, ಅಂದ್ರೆ ಸ್ಕ್ರೀನಿನ ಎರಡು ಕಡೆಯ ಬ್ಯಾಟುಗಳಿಂದ ಚೆಂಡು ಹೊಡೆಯೋ ಹಳೇ ವಿಡಿಯೋ ಗೇಮ್. ಹಲಗೆಯಲ್ಲಿ ಬ್ಯಾಟರಿ ಇಲ್ಲ, ಚಿಪ್ ಇಲ್ಲ. ಆಪ್ ಹಾಕ್ಕೊಳ್ಳಿ, ಲಾಗಿನ್ ಆಗಿ ಅಂದ ಕೂಡ್ಲೇ ಎಷ್ಟು ಜನ ಮೆಲ್ಲಗೆ ಜಾಗ ಖಾಲಿ ಮಾಡ್ತಾರೆ ಅಂತ ಹಿಂದಿನ ಡೆಮೊಗಳಲ್ಲಿ ನೋಡಿದ್ದೆ, ಅದಕ್ಕೇ ಈ ಹಳೇ ಉಪಾಯ ನನಗೆ ಅಷ್ಟು ಹಿಡಿಸಿದ್ದು.

ಕೆಂಪು ಹಸಿರು ಮಾತ್ರ ಬೇಡ ಅಂದ್ಕೊಂಡ್ವಿ, ಯಾಕಂದ್ರೆ ಆ ಎರಡರ ವ್ಯತ್ಯಾಸ ಕಾಣದೇ ಇರೋರು ಯಾವ ಹಾಲಲ್ಲಾದ್ರೂ ಕೆಲವರು ಇದ್ದೇ ಇರ್ತಾರೆ. ನೀಲಿ, ಹಳದಿ ತಗೊಂಡ್ವಿ. ಆಗ ಬೇರೆ ತೊಂದ್ರೆ ಶುರುವಾಯ್ತು, ಹಾಲಿನ ಬೆಚ್ಚಗಿನ ಲೈಟಲ್ಲಿ ಹಳದಿ ಹಲಗೆ, ಮುಖದ ಚರ್ಮ, ಮರದ ಕುರ್ಚಿ ಎಲ್ಲ ಕ್ಯಾಮೆರಾಗೆ ಒಂದೇ ಥರ ಕಾಣ್ತಿತ್ತು. ಬಣ್ಣವನ್ನ ಕೆಂಪು-ಹಸಿರು-ನೀಲಿ ಪಾಲಲ್ಲಿ ಅಳೆಯೋ ಆರ್‌ಜಿಬಿ ಬಿಟ್ಟು, ಬಣ್ಣ, ಅದರ ಗಾಢತೆ, ಹೊಳಪನ್ನ ಬೇರೆ ಬೇರೆಯಾಗಿ ಅಳೆಯೋ ಎಚ್‌ಎಸ್‌ವಿಗೆ ಬಂದ್ರೂ ಪೂರ್ತಿ ಸರಿ ಹೋಗ್ಲಿಲ್ಲ. ಕೊನೆಗೆ ಕೈ ಹಿಡಿದಿದ್ದು ರಸ್ತೆ ಬೋರ್ಡುಗಳ ಮೇಲೆ ಅಂಟಿಸ್ತಾರಲ್ಲ, ಹೊಳೆಯೋ ಶೀಟು, ಅದು. ಬೆಳಕು ಯಾವ ಕಡೆಯಿಂದ ಬಂತೋ ಅದೇ ಕಡೆಗೆ ವಾಪಸ್ ಕಳಿಸುತ್ತೆ. ಕ್ಯಾಮೆರಾ ಲೆನ್ಸ್ ಪಕ್ಕದಲ್ಲೇ ಒಂದು ಲೈಟ್ ಕಟ್ಟಿ, ಹಲಗೆಯ ಎರಡೂ ಕಡೆ ಆ ಶೀಟಿನ ಬಣ್ಣದ ತುಂಡು ಅಂಟಿಸಿದ್ವಿ, ಮುಖಗಳೆಲ್ಲ ಮಂಕಾಗಿ ಚುಕ್ಕೆಗಳು ಮಾತ್ರ ಎದ್ದು ಕಂಡ್ವು. ಲೈಟು ಲೆನ್ಸಿಗೆ ಒತ್ತಿಕೊಂಡೇ ಇರಬೇಕು, ಒಂದಡಿ ಆಚೆ ಸರಿಸಿದ್ರೂ ಆ ಹೊಳಪು ಹೋಗಿಬಿಡುತ್ತೆ.

ಸಂಜೆ ಗೇಮ್ ಶುರು ಮಾಡೋಕೆ ಮುಂಚೆ ಎರಡು ನಿಮಿಷ ಏನೂ ಮಾಡದೆ ಬರೀ ಆ ಚುಕ್ಕೆಗಳನ್ನ ದೊಡ್ಡ ಸ್ಕ್ರೀನ್ ಮೇಲೆ ಬಿಟ್ವಿ. ಇದನ್ನ ಹಾಲಲ್ಲಿ ಕೂತು ನೋಡ್ಬೇಕು. ಒಬ್ಬೊಬ್ರೂ ಹಲಗೆ ತಿರುಗಿಸ್ತಾ, ಸ್ಕ್ರೀನಲ್ಲಿ ಯಾವ ಚುಕ್ಕೆ ಬಣ್ಣ ಬದಲಾಯ್ತು ಅಂತ ಹುಡುಕ್ತಾ, ಸಿಕ್ಕಿದ ತಕ್ಷಣ ಪಕ್ಕದವರನ್ನ ತಟ್ಟಿ "ಅದೇ ನೋಡಿ, ಅದು ನಾನು" ಅಂತಿದ್ರು. ಮೂವತ್ತು ವರ್ಷ ಸರ್ವಿಸ್ ಆದವರೂ ಕುರ್ಚಿಯಿಂದ ಅರ್ಧ ಎದ್ದು ಹಲಗೆ ಎತ್ತಿ ಹಿಡಿದಿದ್ರು.

ಗೇಮ್ ಮಾತ್ರ ಮೊದಲನೇ ಸಲ ಸರಿಯಾಗಿ ನಡೀಲಿಲ್ಲ. ಹಾಲಿನ ಒಂದೊಂದು ಕಡೆಯವರಿಗೆ ಒಂದೊಂದು ಬ್ಯಾಟು, ನೀಲಿ ಜಾಸ್ತಿ ಇದ್ರೆ ಬ್ಯಾಟು ಮೇಲೆ ಹೋಗುತ್ತೆ, ಹಳದಿ ಜಾಸ್ತಿ ಇದ್ರೆ ಕೆಳಗೆ, ಹೀಗೆ ಕೋಡ್ ಬರೆದಿದ್ವಿ. ಅಂದ್ರೆ ಬಣ್ಣದ ಪಾಲು ಬ್ಯಾಟಿನ ವೇಗ ಠರಾಯಿಸ್ತಿತ್ತು. ಬ್ಯಾಟು ನಿಲ್ಲಿಸ್ಬೇಕು ಅಂದ್ರೆ ಆ ಕಡೆಯವರೆಲ್ಲ ಸರಿಯಾಗಿ ಅರ್ಧರ್ಧ ಆಗ್ಬೇಕು, ಅದನ್ನ ಯಾರು ಮಾಡ್ತಾರೆ? ಅದರ ಮೇಲೆ ಕ್ಯಾಮೆರಾ, ಲೆಕ್ಕ, ಪ್ರೊಜೆಕ್ಟರ್ ಎಲ್ಲ ಸೇರಿ ಕಣ್ಣಿಗೆ ಕಾಣೋಷ್ಟು ತಡ ಆಗ್ತಿತ್ತು, ಹಲಗೆ ತಿರುಗಿಸಿದ್ರೂ ಬ್ಯಾಟು ಇನ್ನೂ ಹೋಗ್ತಾನೇ ಇದೆ ಅಂತ ಇನ್ನಷ್ಟು ಜನ ತಿರುಗಿಸೋದು, ಅದು ಮಿತಿ ಮೀರಿ ಈ ಕಡೆ ಬರೋದು, ಮತ್ತೆ ಎಲ್ರೂ ಆ ಕಡೆ ತಿರುಗಿಸೋದು. ಬ್ಯಾಟು ಉಯ್ಯಾಲೆ ಆಡಿದ ಹಾಗೆ ಆಡ್ತಿತ್ತು. ಕೊನೇ ದಿನದ ಹೊತ್ತಿಗೆ ಒಂದೇ ಒಂದು ಬದಲಾವಣೆ ಮಾಡಿದ್ವಿ, ಬಣ್ಣದ ಪಾಲು ವೇಗದ ಬದಲು ಜಾಗ ಹೇಳೋ ಥರ. ಪೂರ್ತಿ ನೀಲಿ ಅಂದ್ರೆ ತುದಿ, ಅರ್ಧರ್ಧ ಅಂದ್ರೆ ನಡು. ತಡ ಅಷ್ಟೇ ಇತ್ತು, ಆದ್ರೆ ಒಂದು ನಿಮಿಷದಲ್ಲಿ ಹಾಲಲ್ಲಿದ್ದವರೆಲ್ಲ ಆಟ ಕಲಿತುಬಿಟ್ರು. ಇಂಥದ್ದು ಮಾಡೋರು ಯಾರಾದ್ರೂ ಇದ್ರೆ ಇದೊಂದನ್ನ ಮೊದಲೇ ಪರೀಕ್ಷೆ ಮಾಡ್ಕೊಳ್ಳಿ. ನಾವು ಆಫೀಸಲ್ಲಿ ಐದು ಜನ ಆಡಿ ನೋಡಿದಾಗ ಈ ತೊಂದ್ರೆ ಕಂಡೇ ಇರ್ಲಿಲ್ಲ.

ಬ್ಯಾಡ್ಜ್ ವಿಷಯಕ್ಕೆ ಬರ್ತೀನಿ, ನಾನು ಅತಿ ಹೆಚ್ಚು ಕಲಿತಿದ್ದು ಇದರಿಂದ್ಲೇ. 2009ರಲ್ಲಿ ಇಟಲಿಯ ಟೂರಿನ್‌ನಲ್ಲಿ ಹೈಪರ್‌ಟೆಕ್ಸ್ಟ್ (ಒಂದಕ್ಕೊಂದು ಲಿಂಕ್ ಇರೋ ಪುಟಗಳು) ಕುರಿತ ಕಾನ್ಫರೆನ್ಸ್‌ಗೆ ಬಂದ ನೂರಕ್ಕೂ ಹೆಚ್ಚು ಜನ ಸೋಶಿಯೋಪ್ಯಾಟರ್ನ್ಸ್ ಅನ್ನೋ ಸಂಶೋಧನಾ ಗುಂಪಿನ ಆರ್‌ಎಫ್‌ಐಡಿ, ಅಂದ್ರೆ ರೇಡಿಯೋ ಸಿಗ್ನಲಲ್ಲಿ ತನ್ನ ಗುರುತು ಹೇಳೋ ಚಿಪ್ ಇರೋ ಬ್ಯಾಡ್ಜ್ ಹಾಕ್ಕೊಂಡು ಓಡಾಡಿದ್ರು. ಅವರ ಜಾಣತನ ಏನಂದ್ರೆ, ಸಿಗ್ನಲ್ ತುಂಬಾ ಕಮ್ಮಿ ಶಕ್ತಿಯಲ್ಲಿ ಬಿಡ್ತಿದ್ರು, ನಮ್ಮ ಮೈಯಲ್ಲಿರೋ ನೀರೇ ಅದನ್ನ ತಡೆಯುತ್ತೆ, ಹಾಗಾಗಿ ಎದೆ ಮೇಲೆ ಬ್ಯಾಡ್ಜ್ ಇರೋ ಇಬ್ರು ಒಂದೂವರೆ ಮೀಟರ್ ಒಳಗೆ ಎದುರುಬದುರು ನಿಂತಾಗ ಮಾತ್ರ ಒಂದಕ್ಕೊಂದು ಕೇಳಿಸುತ್ತೆ. ಯಾರು ಯಾರ ಎದುರಿದ್ದಾರೆ ಅಂತ 20 ಸೆಕೆಂಡಿಗೊಂದು ಲೆಕ್ಕ.

ನಾವು ಅದನ್ನೇ ಬ್ಲೂಟೂತ್ ಲೋ ಎನರ್ಜಿಯಲ್ಲಿ (ಕಮ್ಮಿ ಕರೆಂಟಲ್ಲಿ ನಡೆಯೋ ಬ್ಲೂಟೂತ್) ಮಾಡಿದ್ವಿ, ಅರವತ್ತು ಬ್ಯಾಡ್ಜ್, ಒಂದೊಂದರಲ್ಲೂ ನಾಣ್ಯದಂಥ ಒಂದು ಸಿಆರ್2032 ಸೆಲ್. ತಾನಿದ್ದೀನಿ ಅಂತ ಕೂಗಿ ಹೇಳೋಕೆ ಬ್ಯಾಡ್ಜ್‌ಗೆ ಕರೆಂಟ್ ಕಮ್ಮಿ ಸಾಕು, ಬೇರೆಯವರ ಕೂಗು ಕೇಳಿಸ್ಕೊಳ್ಳೋಕೇ ಜಾಸ್ತಿ ಬೇಕು. ಯಾವಾಗ್ಲೂ ಕಿವಿ ತೆರೆದಿಟ್ರೆ ಮೂರು ದಿನ ಬರಲ್ಲ, ಅದಕ್ಕೆ ಸ್ವಲ್ಪ ಹೊತ್ತು ಕೇಳು, ಸ್ವಲ್ಪ ಹೊತ್ತು ಮಲಗು ಅಂತ ಮಾಡಿದ್ವಿ. ಇನ್ನೊಂದು, ಒಂದೇ ತೂತಿಗೆ ದಾರ ಕಟ್ಟಿದ್ರೆ ಬ್ಯಾಡ್ಜ್ ತಿರುಗಿ ಎದೆಗೆ ಮುಖ ಮಾಡುತ್ತೆ, ಆಗ ಲೆಕ್ಕವೆಲ್ಲ ತಪ್ಪು, ಎರಡೂ ಮೂಲೆಗೆ ದಾರ ಕಟ್ಟಿ. ರಿಜಿಸ್ಟ್ರೇಷನ್ ಕ್ಯೂನಲ್ಲಿ ಹಿಂದೆ ತಿರುಗಿ ಟೈಮ್ ಕೇಳಿದವರನ್ನೂ ಇದು "ಭೇಟಿ" ಅಂತ ಎಣಿಸ್ತಿತ್ತು, ಅದಕ್ಕೆ ಒಂದು ನಿಮಿಷಕ್ಕಿಂತ ಕಮ್ಮಿ ಇದ್ರೆ ಬಿಟ್ಟುಬಿಡು ಅಂತ ಹಾಕಿದ್ವಿ.

ಮೊದಲನೇ ದಿನ ಯಾರು ಯಾರನ್ನ ಭೇಟಿಯಾದ್ರು ಅನ್ನೋ ಜಾಲವನ್ನ ಹೆಸರು ಸಮೇತ ಮೂಲೆಯ ಸ್ಕ್ರೀನ್ ಮೇಲೆ ಲೈವ್ ಬಿಟ್ಟಿದ್ವಿ. ನೋಡೋಕೆ ಚೆನ್ನಾಗಿತ್ತು, ನನಗೆ ಹೆಮ್ಮೇನೂ ಇತ್ತು. ಮಧ್ಯಾಹ್ನ ಒಬ್ಬ ಮೇಡಂ ಬಂದು ಬ್ಯಾಡ್ಜ್ ಕಳಚಿ ಟೇಬಲ್ ಮೇಲಿಟ್ರು. "ನಾನು ಬೇರೆ ಕೆಲಸ ಹುಡುಕ್ತಿದ್ದೀನಿ ಸರ್, ಅದಕ್ಕೆ ಇಬ್ರ ಹತ್ರ ಮಾತಾಡಿದೆ. ನಮ್ಮ ಬಾಸ್ ಇಲ್ಲೇ ಇದ್ದಾರೆ" ಅಂದ್ರು. ಜೋರಾಗಿ ಕೂಡ ಹೇಳ್ಲಿಲ್ಲ. ಅವರ ಹೆಸರಿಂದ ಆ ಇಬ್ರ ಹೆಸರಿಗೆ ಗೆರೆ ನನ್ನ ಬೆನ್ನ ಹಿಂದೇನೇ ಹೊಳೀತಾ ಇತ್ತು. ಸ್ಕ್ರೀನ್ ಆಗಲೇ ಆರಿಸಿದೆ. ಬ್ಯಾಡ್ಜ್ ತಗೊಳ್ಳುವಾಗ ಎಲ್ರೂ ಒಪ್ಪಿಗೆ ಫಾರ್ಮಿಗೆ ಸೈನ್ ಮಾಡಿದ್ರು ನಿಜ, ಆದ್ರೆ ಸೈನ್ ಮಾಡುವಾಗ ಮಧ್ಯಾಹ್ನ ಯಾರ ಹತ್ರ ಮಾತಾಡ್ತೀವಿ ಅಂತ ಯಾರಿಗೆ ಗೊತ್ತಿರುತ್ತೆ?

ಅವತ್ತು ಸಂಜೆ ಹಾಲಲ್ಲಿ ಚುಕ್ಕೆ ಹುಡುಕ್ತಾ ಖುಷಿ ಪಡ್ತಿದ್ದವರನ್ನ ನೋಡ್ತಾ ನನಗೆ ಹೊಳೀತು. ಅಲ್ಲೂ ಪ್ರತಿಯೊಬ್ರ ಕೈ ಆಡಿದ್ದೂ ಸ್ಕ್ರೀನ್ ಮೇಲೆ ಕಾಣ್ತಿದೆ, ಆದ್ರೆ ಯಾವುದು ಯಾರದ್ದು ಅಂತ ಅವರಾಗೇ ಹೇಳದ ಹೊರತು ಬೇರೆಯವರಿಗೆ ಸುಲಭವಾಗಿ ಗೊತ್ತಾಗಲ್ಲ. ರಾತ್ರಿ ಕೂತು ಬ್ಯಾಡ್ಜ್‌ನ ಸ್ಕ್ರೀನ್ ಬದಲಾಯಿಸಿದ್ವಿ. ಹೆಸರು ತೆಗೆದು ಚುಕ್ಕೆ ಹಾಕಿದ್ವಿ, ಬಣ್ಣ ಅವರವರೇ ಆರಿಸ್ಕೊಂಡಿದ್ದು. ಯಾರು ಈಗ ಎಲ್ಲಿ ನಿಂತಿದ್ದಾರೆ ಅಂತ ಹೋಲಿಸಿ ಪತ್ತೆ ಮಾಡೋಕೆ ಆಗ್ಬಾರ್ದು ಅಂತ ಲೈವ್ ನಿಲ್ಲಿಸಿ, ಅರ್ಧ ದಿನದ್ದನ್ನ ಒಟ್ಟಿಗೆ ತೋರಿಸಿದ್ವಿ. ಬ್ಯಾಡ್ಜ್ ಪಕ್ಕದಲ್ಲಿ ಒಂದು ಸ್ವಿಚ್ ಮೊದಲಿಂದ್ಲೂ ಇತ್ತು, ನಾವದನ್ನ ಟೆಸ್ಟಿಂಗ್‌ಗೆ ಅಂತ ಇಟ್ಟಿದ್ದು. ಅದನ್ನ ಎಲ್ರಿಗೂ ತೋರಿಸಿ, ಬೇಡ ಅನ್ನಿಸಿದಾಗ ಆಫ್ ಮಾಡಿ, ಕಾರಣ ಯಾರೂ ಕೇಳಲ್ಲ ಅಂದ್ವಿ.

ಎರಡನೇ ದಿನ ಮೂಲೆಯಲ್ಲಿ ಜನ ಕಮ್ಮಿಯಾಗ್ತಾರೆ ಅಂದ್ಕೊಂಡಿದ್ದೆ, ಜಾಸ್ತಿನೇ ಬಂದ್ರು. ತಮ್ಮ ಚುಕ್ಕೆ ಒಂದೇ ಗುಂಪಲ್ಲಿ ಅಂಟಿಕೊಂಡಿರೋದನ್ನ ಕಂಡ ಒಬ್ರು "ನಾನು ನಮ್ಮ ಆಫೀಸಿನವರ ಜೊತೇನೇ ಇದ್ದೀನಲ್ಲ, ಇದಕ್ಕೆ ಇಷ್ಟು ದೂರ ಬರ್ಬೇಕಿತ್ತಾ" ಅಂದು ಎದ್ದು ಪಕ್ಕದ ಗುಂಪಿನ ಕಡೆ ನಡೆದ್ರು. ಆ ಮೇಡಂ ಕೂಡ ಬಂದು ಬ್ಯಾಡ್ಜ್ ವಾಪಸ್ ತಗೊಂಡ್ರು, ಸ್ವಿಚ್ ಕೆಲಸ ಮಾಡುತ್ತಾ ಅಂತ ನನ್ನ ಮುಂದೇನೇ ಎರಡು ಸಲ ಒತ್ತಿ ನೋಡಿ ಹಾಕ್ಕೊಂಡ್ರು.

ಕೊನೇ ದಿನ ಬ್ಯಾಡ್ಜ್ ವಾಪಸ್ ತಗೊಳ್ಳುವಾಗ ಒಬ್ಬೊಬ್ರ ಎದುರಿಗೇ ಅದರ ಮೆಮೊರಿ, ನಮ್ಮ ಲ್ಯಾಪ್‌ಟಾಪಲ್ಲಿದ್ದ ಅವರ ಸಾಲು ಎರಡೂ ಅಳಿಸಿದ್ವಿ. ಅಳಿಸೋಕೆ ಮುಂಚೆ ತಮ್ಮ ಭೇಟಿಗಳ ಪಟ್ಟಿ ಬೇಕಾ ಅಂತ ಕೇಳ್ತಿದ್ವಿ, ತುಂಬಾ ಜನ ಪ್ರಿಂಟ್ ತಗೊಂಡು ಮಡಚಿ ಜೇಬಿಗೆ ಹಾಕ್ಕೊಂಡು ಹೋದ್ರು. ಆ ಮೇಡಂ ಪ್ರಿಂಟ್ ಬೇಡ ಅಂದ್ರು. ಸ್ಕ್ರೀನ್ ಮೇಲೆ ತಮ್ಮ ಸಾಲು ಹೋಗೋ ತನಕ ನಿಂತು ನೋಡಿ, ದಾರ ಸುತ್ತಿ ನನ್ನ ಕೈಗೆ ಕೊಟ್ರು.